ವಿಮ್‌ನಿಂದ ವಿಎಸ್ ಕೋಡ್‌ಗೆ: ಬೆರಳಿನ ಅಭ್ಯಾಸ ಕೆಡದಂತೆ ದಾಟುವ ಬಗೆ

ದಾವಣಗೆರೆಯ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೋಡ್ ಬರೆಯುವವರಿಗೆ ಇಂದಲ್ಲ ನಾಳೆ ಈ ಮಾತು ಎದುರಾಗುತ್ತದೆ: ತಂಡದವರೆಲ್ಲ ವಿಎಸ್ ಕೋಡ್ ಎಂಬ ಎಡಿಟರ್‌ನಲ್ಲಿದ್ದಾರೆ, ಡಿಬಗ್ (ಕೋಡಿನ ತಪ್ಪು ಹುಡುಕುವ) ಸೆಟ್ಟಿಂಗ್‌ಗಳು ಪ್ರಾಜೆಕ್ಟ್ ಫೋಲ್ಡರಿನಲ್ಲೇ ಬರುತ್ತವೆ, ನೀವೂ ಅದಕ್ಕೇ ಬನ್ನಿ. ಕೀಬೋರ್ಡಿನಿಂದಲೇ ನಡೆಸುವ ಹಳೆಯ ಎಡಿಟರ್ ವಿಮ್‌ನಲ್ಲಿ ಐದಾರು ವರ್ಷ ಕೈ ಪಳಗಿದವರು ಆಗ ಎರಡರಲ್ಲೊಂದು ತಪ್ಪು ಮಾಡುತ್ತಾರೆ. ಹಳೆಯ ಅಭ್ಯಾಸವನ್ನೆಲ್ಲ ಬಿಟ್ಟು ಮೌಸ್ ಹಿಡಿಯುತ್ತಾರೆ, ಇಲ್ಲವೇ ವಿಮ್ ಎಕ್ಸ್‌ಟೆನ್ಷನ್ (ವಿಎಸ್ ಕೋಡ್‌ಗೆ ವಿಮ್‌ನ ಕೀಗಳನ್ನು ಸೇರಿಸುವ ತುಣುಕು) ಒಂದನ್ನು ಹಾಕಿಕೊಂಡು ಎಲ್ಲವೂ ಮೊದಲಿನಂತೆಯೇ ಇರುತ್ತದೆ ಎಂದು ನಂಬುತ್ತಾರೆ. ಎರಡೂ ಒಂದು ವಾರ ದಾಟುವುದಿಲ್ಲ.

ವಿಮ್‌ನಲ್ಲಿ ಉಳಿಸಿಕೊಳ್ಳಬೇಕಾದದ್ದು ಅದರ ವ್ಯಾಕರಣ. ಸಿ, ಐ, ಡಬ್ಲ್ಯೂ ಒತ್ತಿದರೆ 'ಬದಲಿಸು, ಒಳಗಿನ, ಪದ'. ಕ್ರಿಯಾಪದ ಮೊದಲು, ಕರ್ಮ ಆಮೇಲೆ. ಗ್ರಾಫಿಕಲ್ ಎಡಿಟರ್‌ಗಳು ಕನ್ನಡದ ವಾಕ್ಯದಂತೆ ನಡೆಯುತ್ತವೆ: ಮೊದಲು ಪದವನ್ನು ಹಿಡಿ, ಆಮೇಲೆ ಅಳಿಸು. ವಿಮ್‌ನ ವಿಷುವಲ್ ಮೋಡ್ (ಮೊದಲು ಪಠ್ಯವನ್ನು ಆಯ್ದುಕೊಳ್ಳುವ ಸ್ಥಿತಿ) ಕೂಡ ಇದೇ ಕ್ರಮದ್ದು. ಹಾಗಾಗಿ ಎಕ್ಸ್‌ಟೆನ್ಷನ್ ಬೇಡವೆನ್ನುವವರು ಒಂದೆರಡು ವಾರ ವಿಮ್‌ನಲ್ಲೇ ವಿಷುವಲ್ ಮೋಡನ್ನು ಹೆಚ್ಚು ಬಳಸಿ ನೋಡಿ, ಕೈ ತಾನಾಗಿ ಹೊಂದಿಕೊಳ್ಳುತ್ತದೆ. ವಿಎಸ್ ಕೋಡ್‌ನಲ್ಲಿ ಕಂಟ್ರೋಲ್ ಡಿ ಪದವನ್ನು ಹಿಡಿಯುತ್ತದೆ, ಮತ್ತೆ ಒತ್ತಿದರೆ ಅದೇ ಪದದ ಮುಂದಿನ ಜಾಗವೂ ಸೇರುತ್ತದೆ. ಶಿಫ್ಟ್ ಆಲ್ಟ್ ಬಲಬಾಣ ಒತ್ತುತ್ತ ಹೋದರೆ ಆಯ್ಕೆ ಪದದಿಂದ ಆವರಣಕ್ಕೆ, ಆವರಣದಿಂದ ಬ್ಲಾಕಿಗೆ ಹಿಗ್ಗುತ್ತದೆ.

ಎಕ್ಸ್‌ಟೆನ್ಷನ್ ಬೇಕೆನ್ನುವವರ ಮುಂದೆ ಎರಡು ದಾರಿಗಳಿವೆ. ವಿಎಸ್‌ಕೋಡ್‌ವಿಮ್ ಎಂಬುದು ವಿಮ್‌ನ ನಡವಳಿಕೆಯನ್ನು ಟೈಪ್‌ಸ್ಕ್ರಿಪ್ಟ್‌ನಲ್ಲಿ ಹೊಸದಾಗಿ ಬರೆದದ್ದು. ಅದರೊಳಗೆ ನಿಜವಾದ ವಿಮ್ ಇಲ್ಲ, ವಿಮ್‌ನದೇ ಭಾಷೆಯಾದ ವಿಮ್‌ಸ್ಕ್ರಿಪ್ಟ್ ಓಡುವುದಿಲ್ಲ, ನಿಮ್ಮ ವಿಮ್‌ಆರ್‌ಸಿ ಎಂಬ ಸೆಟ್ಟಿಂಗ್ ಫೈಲಿನಿಂದ ಕೀ ಮ್ಯಾಪಿಂಗ್‌ಗಳನ್ನಷ್ಟೇ ಓದಿಸಬಹುದು. ವಿಎಸ್‌ಕೋಡ್ ನಿಯೋವಿಮ್ ಎಂಬುದು ನಿಮ್ಮ ಯಂತ್ರದಲ್ಲಿರುವ ನಿಯೋವಿಮ್ಮನ್ನೇ (ವಿಮ್‌ನಿಂದ ಕವಲೊಡೆದ ಎಡಿಟರ್) ಹಿಂದೆ ಓಡಿಸುತ್ತದೆ. ಕೀಗಳೇ ಕಮಾಂಡ್ ಆಗುವ ನಾರ್ಮಲ್ ಮೋಡ್ ಪೂರ್ತಿ ಅದರ ಕೈಯಲ್ಲಿ, ಅಕ್ಷರ ಟೈಪ್ ಮಾಡುವ ಇನ್ಸರ್ಟ್ ಮೋಡ್ ಮಾತ್ರ ವಿಎಸ್ ಕೋಡ್‌ನ ಕೈಯಲ್ಲಿ. ಆರ್‌ಸಿ ಫೈಲ್ ಐವತ್ತು ಸಾಲಿನೊಳಗಿದ್ದರೆ ಮೊದಲನೆಯದು ಸಾಕು. ಮ್ಯಾಕ್ರೋ, ಲುವಾ ಪ್ಲಗಿನ್ ಎಂದು ದಿನವೂ ಬಳಸುವವರು ಎರಡನೆಯದಕ್ಕೇ ಹೋಗಬೇಕು. ಆದರೆ ಫೈಲ್ ಟ್ರೀ, ಸ್ಟೇಟಸ್‌ಲೈನ್‌ನಂಥ ತೆರೆಗೆ ಸಂಬಂಧಿಸಿದ ಪ್ಲಗಿನ್‌ಗಳು ಅಲ್ಲಿ ಜಗಳ ತೆಗೆಯುತ್ತವೆ. 'ವಿಎಸ್‌ಕೋಡ್' ಎಂಬ ಗ್ಲೋಬಲ್ ವೇರಿಯೇಬಲ್ ಇದೆಯೇ ಎಂದು ಕಾನ್ಫಿಗ್‌ನಲ್ಲಿ ಪರೀಕ್ಷಿಸಿ, ಇದ್ದರೆ ಅವು ಲೋಡ್ ಆಗದಂತೆ ಮಾಡಿ. ಇನ್ಸರ್ಟ್ ಮೋಡಿನಲ್ಲಿ ಜೆ ಕೆ ಒತ್ತಿ ಹೊರಬರುವ ಅಭ್ಯಾಸವಿದ್ದರೆ ಮಾಮೂಲಿ ಮ್ಯಾಪಿಂಗ್ ಕೆಲಸ ಮಾಡುವುದಿಲ್ಲ, ಎಕ್ಸ್‌ಟೆನ್ಷನ್ನಿನ 'ಕಾಂಪೋಸಿಟ್ ಕೀಸ್' ಸೆಟ್ಟಿಂಗ್‌ನಲ್ಲಿ ಬರೆಯಬೇಕು.

ಜನ ಸೋತು ಹಿಂದಿರುಗುವುದು ಮುಖ್ಯವಾಗಿ ಕಂಟ್ರೋಲ್ ಕೀಯ ಜಗಳದಿಂದ, ಅದಕ್ಕೇ ಇದನ್ನು ನಿಧಾನವಾಗಿ ಹೇಳುತ್ತೇವೆ. ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಒಂದೇ ಕೀಗೆ ಇಬ್ಬರು ಯಜಮಾನರು. ಕಂಟ್ರೋಲ್ ಡಿ ವಿಮ್‌ಗೆ ಅರ್ಧ ಪುಟ ಕೆಳಗೆ, ವಿಎಸ್ ಕೋಡ್‌ಗೆ ಮುಂದಿನ ಆಯ್ಕೆ. ಕಂಟ್ರೋಲ್ ಎಫ್ ವಿಮ್‌ಗೆ ಪುಟ ಮುಂದೆ, ವಿಎಸ್ ಕೋಡ್‌ಗೆ ಹುಡುಕಾಟ. ಕಂಟ್ರೋಲ್ ಬಿ ಒಂದೆಡೆ ಪುಟ ಹಿಂದೆ, ಇನ್ನೊಂದೆಡೆ ಸೈಡ್‌ಬಾರ್. ಕಂಟ್ರೋಲ್ ವಿ ವಿಮ್‌ಗೆ ಬ್ಲಾಕ್ ಆಯ್ಕೆ, ಉಳಿದ ಲೋಕಕ್ಕೆಲ್ಲ ಪೇಸ್ಟ್. ಮ್ಯಾಕ್‌ನಲ್ಲಿ ಎಡಿಟರಿನ ಬಹುಪಾಲು ಶಾರ್ಟ್‌ಕಟ್‌ಗಳು ಕಮಾಂಡ್ ಕೀಗೆ ಕಟ್ಟಿಕೊಂಡಿರುವುದರಿಂದ ಈ ತೊಂದರೆ ಬಹಳ ಕಡಿಮೆ. ಅಲ್ಲಿಯವರ ಬ್ಲಾಗ್ ಓದಿ 'ಏನೂ ಸಮಸ್ಯೆ ಇಲ್ಲ' ಎಂದುಕೊಳ್ಳಬೇಡಿ.

ಪರಿಹಾರ ವಿಎಸ್‌ಕೋಡ್‌ವಿಮ್‌ನ 'ಹ್ಯಾಂಡಲ್ ಕೀಸ್' ಎಂಬ ಸೆಟ್ಟಿಂಗ್. ಒಂದೊಂದು ಕೀಗೂ ಟ್ರೂ ಅಥವಾ ಫಾಲ್ಸ್ ಬರೆಯುತ್ತೀರಿ, ಫಾಲ್ಸ್ ಎಂದರೆ ಅದು ವಿಎಸ್ ಕೋಡ್‌ಗೆ ವಾಪಸ್. ನಮ್ಮ ಅಭಿಪ್ರಾಯದಲ್ಲಿ ಕಂಟ್ರೋಲ್ ಜೊತೆಗಿನ ಡಿ, ಯು, ಆರ್, ಒ, ವಿ, ಡಬ್ಲ್ಯೂ ವಿಮ್‌ಗೇ ಇರಲಿ. ಎಫ್, ಬಿ, ಪಿ, ಸಿ ಬಿಟ್ಟುಕೊಡಿ. ಪುಟ ತಿರುಗಿಸಲು ಡಿ ಮತ್ತು ಯು ಸಾಕು, ಆದರೆ ಕಂಟ್ರೋಲ್ ಪಿ ಒತ್ತಿ ಫೈಲಿನ ನಾಲ್ಕು ಅಕ್ಷರ ಬರೆದರೆ ಫೈಲ್ ತೆರೆಯುವ ಸೌಕರ್ಯವನ್ನು ಕಳೆದುಕೊಂಡರೆ ನಷ್ಟ ದೊಡ್ಡದು. ಕಂಟ್ರೋಲ್ ವಿ ವಿಮ್‌ಗೆ ಕೊಟ್ಟಮೇಲೆ ಹೊರಗಿನಿಂದ ತಂದದ್ದನ್ನು ಅಂಟಿಸಲು 'ಯೂಸ್ ಸಿಸ್ಟಮ್ ಕ್ಲಿಪ್‌ಬೋರ್ಡ್' ಆನ್ ಮಾಡಿ, ಬರೇ ಪಿ ಒತ್ತಿದರೆ ಬರುತ್ತದೆ. ಇದರ ಬೆಲೆಯೂ ಇದೆ: ಡಿ ಡಿ ಒತ್ತಿ ಅಳಿಸಿದ ಸಾಲೂ ಕ್ಲಿಪ್‌ಬೋರ್ಡಿಗೇ ಹೋಗಿ ಮೊದಲಿದ್ದದ್ದನ್ನು ಒರೆಸಿಬಿಡುತ್ತದೆ.

ಕಂಟ್ರೋಲ್ ಡಬ್ಲ್ಯೂ ಬಗ್ಗೆ ಎಚ್ಚರ. ಕೋಡ್ ಇರುವ ಕಿಟಕಿಯಲ್ಲಿ ಅದು ವಿಮ್‌ನಂತೆಯೇ ಮುಂದಿನ ಕೀಗೆ ಕಾಯುತ್ತದೆ. ಆದರೆ ಸೆಟ್ಟಿಂಗ್ಸ್ ಪುಟ, ಚಿತ್ರದ ಪುಟ ಎದುರಿಗಿದ್ದಾಗ ಅಲ್ಲಿ ವಿಮ್ ಇರುವುದಿಲ್ಲ, ಹೀಗಾಗಿ ಟ್ಯಾಬ್ ಮುಚ್ಚಿಯೇ ಹೋಗುತ್ತದೆ. ಕಂಟ್ರೋಲ್ ಶಿಫ್ಟ್ ಟಿ ಒತ್ತಿದರೆ ಮರಳಿ ಬರುತ್ತದೆ. ಕಿಟಕಿ ಬದಲಿಸಲು ಕಂಟ್ರೋಲ್ 1, ಕಂಟ್ರೋಲ್ 2, ಸೈಡ್‌ಬಾರಿಗೆ ಕಂಟ್ರೋಲ್ 0 ಎಂದು ರೂಢಿ ಮಾಡಿಕೊಂಡರೆ ಈ ತಾಪತ್ರಯವೇ ಇಲ್ಲ.

ಎಸ್ಕೇಪ್ ಕೀಯ ವಿಷಯ ಹಳೆಯದು. 1976ರ ಸುಮಾರಿಗೆ ಬಿಲ್ ಜಾಯ್ ವಿಮ್‌ನ ಪೂರ್ವಜ ವಿಐ ಬರೆದದ್ದು ಎಡಿಎಂ-3ಎ ಟರ್ಮಿನಲ್ ಮೇಲೆ. ಅದರಲ್ಲಿ ಎಸ್ಕೇಪ್ ಇದ್ದದ್ದು ಇಂದು ಟ್ಯಾಬ್ ಇರುವ ಜಾಗದಲ್ಲಿ, ಎಚ್ ಜೆ ಕೆ ಎಲ್ ಕೀಗಳ ಮೇಲೆ ಬಾಣಗಳೇ ಅಚ್ಚಾಗಿದ್ದವು. ಈಗಿನ ಕೀಬೋರ್ಡಿನಲ್ಲಿ ಕಿರುಬೆರಳು ಮೂಲೆಗೆ ಚಾಚಬೇಕು. ಕ್ಯಾಪ್ಸ್ ಲಾಕನ್ನು ಎಸ್ಕೇಪ್ ಮಾಡುವುದನ್ನು ಎಡಿಟರ್‌ನಲ್ಲಿ ಮಾಡಬೇಡಿ, ಆಪರೇಟಿಂಗ್ ಸಿಸ್ಟಮ್‌ನಲ್ಲೇ ಮಾಡಿ. ಆಗ ಟರ್ಮಿನಲ್ಲಿನಲ್ಲೂ ಅದೇ ಬೆರಳು ಅದೇ ಕೆಲಸ ಮಾಡುತ್ತದೆ.

ಅನ್‌ಡೂನಲ್ಲಿ ನಿಜಕ್ಕೂ ಏಟು ತಿನ್ನುವ ಸಾಧ್ಯತೆ ಇದೆ. ವಿಎಸ್‌ಕೋಡ್‌ವಿಮ್ ತನ್ನದೇ ಇತಿಹಾಸ ಇಟ್ಟುಕೊಳ್ಳುತ್ತದೆ, ಕಂಟ್ರೋಲ್ ಝಡ್ ವಿಎಸ್ ಕೋಡ್‌ನ ಇತಿಹಾಸವನ್ನು ನೋಡುತ್ತದೆ. ಎರಡನ್ನೂ ಬೆರೆಸಿದರೆ ಲೆಕ್ಕ ತಪ್ಪಿ, ಹೋಗಬಾರದ ಸಾಲು ಹೋಗುತ್ತದೆ. ಯು (ಅನ್‌ಡೂ) ಮತ್ತು ಕಂಟ್ರೋಲ್ ಆರ್ (ರೀಡೂ) ಎಂದು ಒಂದೇ ಜೋಡಿಗೆ ಅಂಟಿಕೊಳ್ಳಿ. ವಿಮ್‌ನ ಅನ್‌ಡೂ ಟ್ರೀ (ಕವಲುಗಳಾಗಿ ಉಳಿಯುವ ಬದಲಾವಣೆಗಳ ಇತಿಹಾಸ) ಇಲ್ಲಿಲ್ಲ. ಅದರ ಬದಲು ಎಕ್ಸ್‌ಪ್ಲೋರರ್‌ನ ಟೈಮ್‌ಲೈನ್‌ನಲ್ಲಿ, 2022ರಿಂದ, ಪ್ರತಿ ಸೇವ್‌ನ ಹಳೆಯ ಪ್ರತಿ ಸಿಗುತ್ತದೆ. ಕೋಡಿನ ಆವೃತ್ತಿಗಳನ್ನು ಕಾಯುವ ಗಿಟ್‌ಗೆ ಸೇರಿಸದ ಫೈಲಿಗೂ ಇದು ಆಗುತ್ತದೆ.

ಟೈಪ್ ಮಾಡಿದ ಅಕ್ಷರ ತಡವಾಗಿ ಬರುತ್ತಿದ್ದರೆ ಕಾರಣ ಹೀಗಿದೆ: ಎಲ್ಲ ಎಕ್ಸ್‌ಟೆನ್ಷನ್‌ಗಳೂ ಒಂದೇ ಪ್ರೊಸೆಸ್‌ನಲ್ಲಿ ಓಡುತ್ತವೆ, ಯಾವುದೋ ಲಿಂಟರ್ (ಕೋಡಿನ ದೋಷ ಎತ್ತಿ ತೋರಿಸುವ ಎಕ್ಸ್‌ಟೆನ್ಷನ್) ಅದನ್ನು ಹಿಡಿದು ಕೂತರೆ ನಿಮ್ಮ ಜೆ ಮತ್ತು ಕೆ ಸಾಲಿನಲ್ಲಿ ಕಾಯುತ್ತವೆ. 'ಎಕ್ಸ್‌ಟೆನ್ಷನ್ಸ್ ಎಕ್ಸ್‌ಪೆರಿಮೆಂಟಲ್ ಅಫಿನಿಟಿ' ಸೆಟ್ಟಿಂಗ್‌ನಲ್ಲಿ ವಿಮ್ ಎಕ್ಸ್‌ಟೆನ್ಷನ್ನಿನ ಐಡಿ ಮುಂದೆ 1 ಎಂದು ಬರೆದು ರೀಸ್ಟಾರ್ಟ್ ಮಾಡಿದರೆ ಅದಕ್ಕೆ ಪ್ರತ್ಯೇಕ ಪ್ರೊಸೆಸ್ ಸಿಗುತ್ತದೆ. 4 ಜಿಬಿ ರ್‍ಯಾಮ್ ಇರುವ ಹಳೆಯ ಯಂತ್ರದಲ್ಲಿ, ಬ್ರೌಸರ್ ಕೂಡ ತೆರೆದಿದ್ದರೆ, ಇದೂ ಪೂರ್ತಿ ನೆರವಾಗದು. ಅಂಥಲ್ಲಿ ವಿಮ್ಮೇ ಸರಿಯಾದ ಸಾಧನ, ಬದಲಾಯಿಸುವ ಒತ್ತಾಯವೇ ಬೇಡ.

ಬೇಸಿಗೆಯ ಮಧ್ಯಾಹ್ನ ಕರೆಂಟ್ ಹೋಗಿ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆರಿದರೆ ಏನು ಉಳಿಯುತ್ತದೆ ಎಂಬುದೂ ತಿಳಿದಿರಲಿ. ವಿಮ್ 200 ಅಕ್ಷರ ಟೈಪಾದಾಗ ಅಥವಾ ಕೈ 4 ಸೆಕೆಂಡ್ ನಿಂತಾಗ ಸ್ವಾಪ್ ಎಂಬ ತಾತ್ಕಾಲಿಕ ಫೈಲಿಗೆ ಬರೆಯುತ್ತದೆ, ಮತ್ತೆ ತೆರೆದಾಗ ರಿಕವರ್ ಮಾಡಬೇಕೇ ಎಂದು ಕೇಳುತ್ತದೆ. ವಿಎಸ್ ಕೋಡ್ ಕೇಳುವುದಿಲ್ಲ. ಸೇವ್ ಆಗದ ಫೈಲನ್ನು ಬ್ಯಾಕಪ್‌ನಿಂದ ಎತ್ತಿ ಹಾಗೇ ತೆರೆದಿಡುತ್ತದೆ. ಟ್ಯಾಬಿನಲ್ಲಿ ಚುಕ್ಕೆ ಇದೆಯೇ ನೋಡಿ, ಇದ್ದರೆ ಇನ್ನೂ ಡಿಸ್ಕಿಗೆ ಹೋಗಿಲ್ಲ ಎಂದರ್ಥ.

ಬೆಂಗಳೂರಿನ ಸರ್ವರಿಗೆ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತ ಸಂಪರ್ಕ) ಮೂಲಕ ಹೋಗುವವರಿಗೆ ದೊಡ್ಡ ಲಾಭ ಇದೆ. ಸರ್ವರಿನಲ್ಲಿ ವಿಮ್ ಓಡಿಸಿದರೆ ಪ್ರತಿ ಕೀಯೂ ನೆಟ್‌ವರ್ಕ್ ದಾಟಿ ಹೋಗಿ ಬರಬೇಕು. ರಿಮೋಟ್ ಎಸ್‌ಎಸ್‌ಎಚ್ ಎಕ್ಸ್‌ಟೆನ್ಷನ್‌ನಲ್ಲಿ ತೆರೆ ನಿಮ್ಮ ಯಂತ್ರದಲ್ಲೇ ಇರುತ್ತದೆ, ಫೈಲು ಮತ್ತು ಭಾಷೆಯ ಎಕ್ಸ್‌ಟೆನ್ಷನ್‌ಗಳು ಮಾತ್ರ ಆ ಕಡೆ. ಅದಕ್ಕಾಗಿ ಅದು ಸರ್ವರಿನಲ್ಲಿ ತನ್ನದೊಂದು ಪ್ರೋಗ್ರಾಂ ಇಳಿಸುತ್ತದೆ. 2025ರ 1.99ನೇ ಆವೃತ್ತಿಯಿಂದ ಅದಕ್ಕೆ ಲಿನಕ್ಸ್‌ನ ಮೂಲ ಲೈಬ್ರರಿ ಜಿಲಿಬ್‌ಸಿ 2.28 ಅಥವಾ ಹೊಸದು ಬೇಕು. ಹಳೆಯ ಸರ್ವರ್ ಲಿನಕ್ಸ್ ಆದ ಸೆಂಟ್‌ಓಎಸ್ 7ರಲ್ಲಿರುವುದು 2.17, ಹಾಗಾಗಿ ಅಲ್ಲಿ ಸಂಪರ್ಕವೇ ಆಗದು. ಅಂಥ ಸರ್ವರುಗಳಿಗಾಗಿ ವಿಮ್ ಮರೆಯಬೇಡಿ. ಗಂಟೆಗಟ್ಟಲೆ ಓಡುವ ಕಮಾಂಡನ್ನು ಎಡಿಟರಿನ ಟರ್ಮಿನಲ್ಲಿನಲ್ಲಿ ಹಾಗೇ ಬಿಡದೆ ಟೀಮಕ್ಸ್ (ಸಂಪರ್ಕ ಹೋದರೂ ಟರ್ಮಿನಲ್ಲನ್ನು ಸರ್ವರಿನಲ್ಲಿ ಉಳಿಸುವ ಪ್ರೋಗ್ರಾಂ) ಒಳಗೆ ಓಡಿಸಿ, ಲೈನ್ ಕಡಿದರೂ ಕೆಲಸ ನಿಲ್ಲದು.

ಕನ್ನಡ ಬರೆಯುವವರಿಗಂತೂ ದಾಟಲು ಇದೊಂದೇ ಕಾರಣ ಸಾಕು. ಟರ್ಮಿನಲ್ ತೆರೆಯನ್ನು ಸಮನಾದ ಚೌಕಗಳಾಗಿ ಹಂಚುತ್ತದೆ, ಒತ್ತಕ್ಷರ ಮತ್ತು ಗುಣಿತಗಳು ಆ ಚೌಕಗಳಿಗೆ ಹೊಂದುವುದಿಲ್ಲ, 'ಸ್ತ್ರೀ' ಚೂರುಚೂರಾಗುತ್ತದೆ. ವಿಎಸ್ ಕೋಡ್ ಬ್ರೌಸರಿನ ಎಂಜಿನ್ ಮೇಲೆ ಕಟ್ಟಿದ್ದು, ಅಕ್ಷರಗಳು ಸರಿಯಾಗಿ ಕೂಡುತ್ತವೆ. ಫಾಂಟ್ ಪಟ್ಟಿಯಲ್ಲಿ ಕೋಡ್ ಫಾಂಟಿನ ನಂತರ ಕಾಮಾ ಹಾಕಿ ನೋಟೋ ಸಾನ್ಸ್ ಕನ್ನಡ ಸೇರಿಸಿ, ಲೈನ್ ಹೈಟ್ 1.6 ಇಡಿ, ಕಡಿಮೆ ಇದ್ದರೆ ಒತ್ತುಗಳ ಬುಡ ಕತ್ತರಿಸುತ್ತದೆ. ಉಳಿಯುವ ತೊಂದರೆ ಒಂದು: ಕನ್ನಡ ಕೀಬೋರ್ಡ್ ಆನ್ ಇರುವಾಗಲೇ ಎಸ್ಕೇಪ್ ಒತ್ತಿದರೆ ನಾರ್ಮಲ್ ಮೋಡಿಗೆ ಕನ್ನಡ ಅಕ್ಷರಗಳೇ ಹೋಗಿ ಯಾವ ಕಮಾಂಡೂ ನಡೆಯುವುದಿಲ್ಲ. ವಿಎಸ್‌ಕೋಡ್‌ವಿಮ್‌ನ 'ಆಟೋ ಸ್ವಿಚ್ ಇನ್‌ಪುಟ್ ಮೆಥಡ್' ಆನ್ ಮಾಡಿ. ಲಿನಕ್ಸ್‌ನಲ್ಲಿ ಭಾಷೆಯ ಕೀಬೋರ್ಡ್ ಬದಲಿಸುವ ಐಬಸ್ ಇದ್ದರೆ ಕೀಬೋರ್ಡ್ ತಿಳಿಯುವ ಕಮಾಂಡ್ 'ಐಬಸ್ ಎಂಜಿನ್', ಬದಲಿಸುವ ಕಮಾಂಡೂ ಅದೇ, ಮುಂದೆ ಪುಷ್ಪಾವರಣದಲ್ಲಿ ಐಎಂ. ಎರಡಕ್ಕೂ ಪೂರ್ತಿ ಪಾತ್ ಕೊಡಬೇಕು. ಆಮೇಲೆ ಎಸ್ಕೇಪ್ ಒತ್ತಿದಾಗ ಇಂಗ್ಲಿಷ್, ಮತ್ತೆ ಐ ಒತ್ತಿದಾಗ ಕನ್ನಡ, ತಾನಾಗಿ ಬರುತ್ತದೆ.

ಹುಡುಕಿ ಬದಲಿಸುವಾಗ ರೆಗೆಕ್ಸ್ (ಪಠ್ಯದ ವಿನ್ಯಾಸವನ್ನು ಹೇಳುವ ಸಂಕೇತ) ಬರೆಯುವ ಬಗೆ ಬೇರೆ ಎಂಬುದು ನೆನಪಿರಲಿ. ವಿಮ್‌ನಲ್ಲಿ ಗುಂಪು ಮಾಡಲು ಆವರಣದ ಹಿಂದೆ ಬ್ಯಾಕ್‌ಸ್ಲ್ಯಾಶ್ ಬೇಕು, ವಿಎಸ್ ಕೋಡ್‌ನ ಹುಡುಕು ಪೆಟ್ಟಿಗೆಯಲ್ಲಿ ಬರೇ ಆವರಣ. ಬದಲಿಯಲ್ಲಿ ಬ್ಯಾಕ್‌ಸ್ಲ್ಯಾಶ್ 1 ಅಲ್ಲ, ಡಾಲರ್ 1. ಪ್ರಾಜೆಕ್ಟ್ ಪೂರ್ತಿ ಹುಡುಕುವುದು ರಿಪ್‌ಗ್ರೆಪ್ ಎಂಬ ಸಾಧನ, ವೇಗದ ಬಗ್ಗೆ ದೂರು ಇರದು.

ಇಲ್ಲಿ ಹೊಸದಾಗಿ ಕಲಿಯಲೇಬೇಕಾದದ್ದು ಡಿಬಗರ್: ಎಫ್ 9 ಬ್ರೇಕ್‌ಪಾಯಿಂಟ್, ಎಫ್ 5 ಶುರು, ಎಫ್ 10 ಮುಂದಿನ ಸಾಲು, ಎಫ್ 11 ಫಂಕ್ಷನ್ನಿನ ಒಳಗೆ. ಪೈಥಾನ್‌ನಲ್ಲಿ ಎಫ್ 11 ಲೈಬ್ರರಿಯೊಳಗೆ ಹೋಗದಿದ್ದರೆ ಲಾಂಚ್ ಫೈಲಿನ 'ಜಸ್ಟ್ ಮೈ ಕೋಡ್' ಅನ್ನು ಫಾಲ್ಸ್ ಮಾಡಿ.

ಮೊದಲ ಕಮಿಟ್‌ಗೆ ಮುನ್ನ ಫಾರ್ಮ್ಯಾಟ್ ಆನ್ ಸೇವ್ ಆಫ್ ಇದೆಯೇ ನೋಡಿಕೊಳ್ಳಿ. ತಂಡದಲ್ಲಿ ಒಪ್ಪಿದ ಫಾರ್ಮ್ಯಾಟರ್ ಇಲ್ಲದೆ ಅದನ್ನು ಆನ್ ಮಾಡಿದರೆ ಎರಡು ಸಾಲಿನ ತಿದ್ದುಪಡಿಗೆ ಇಡೀ ಫೈಲೇ ಬದಲಾದಂತೆ ಡಿಫ್ (ಬದಲಾವಣೆಗಳ ಪಟ್ಟಿ) ಬರುತ್ತದೆ. ಹಾಗೆಯೇ ಗಿಟ್‌ನ ಕೋರ್ ಎಡಿಟರ್ ಆಗಿ ಕೋಡ್ ಕಮಾಂಡ್ ಕೊಡುವಾಗ ಮುಂದೆ 'ವೇಯ್ಟ್' ಫ್ಲ್ಯಾಗ್ ಸೇರಿಸಿ. ಅದಿಲ್ಲದಿದ್ದರೆ ಎಡಿಟರ್ ತೆರೆದ ಕೂಡಲೇ ಕಮಾಂಡ್ ಮುಗಿಯಿತೆಂದು ತಿಳಿದು, ನೀವು ಸಂದೇಶ ಬರೆಯುವ ಮೊದಲೇ ಗಿಟ್ ಕಮಿಟ್ಟನ್ನು ಕೈಬಿಡುತ್ತದೆ.