ಯುದ್ಧವಿಲ್ಲದಾಗಲೂ ಮಿಲಿಟರಿ ವಿಮಾನ ಬೀಳುವುದೇಕೆ? ಕಾರವಾರದ ಟುಪೊಲೆವ್ ಪಕ್ಕ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಕಾರವಾರದ ಟಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆಯ ಹತ್ತಿರ ಪ್ರದರ್ಶನಕ್ಕೆ ನಿಲ್ಲಿಸಿರುವ ಟುಪೊಲೆವ್ ಎಂಬ ಸಮುದ್ರ ಕಾವಲಿನ ವಿಮಾನ ನೋಡಿ ಹೊರಬಂದವರು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. "ಯುದ್ಧ ಇಲ್ಲ, ಎಂತ ಇಲ್ಲ. ಆದ್ರೂ ಮಿಲಿಟ್ರಿ ವಿಮಾನ ಎಂತಕ್ಕೆ ಇಷ್ಟು ಬೀಳ್ತದೆ ಮಾರಾಯ್ರೆ? ಎಲ್ಲಾ ಹಳೇ ಡಬ್ಬಾ ಅಂತನಾ?" ಪ್ರಶ್ನೆಯ ಬಾಲದಲ್ಲೇ ಉತ್ತರವೂ ಅಂಟಿಕೊಂಡು ಬಂದಿರುತ್ತದೆ.

ತಮಾಷೆಯೆಂದರೆ ಆ ಉತ್ತರಕ್ಕೆ ಆಕ್ಷೇಪ ಅಲ್ಲೇ, ಅವರ ಬೆನ್ನ ಹಿಂದೆಯೇ ನಿಂತಿದೆ. ಟುಪೊಲೆವ್ 142ಎಂ ನಮ್ಮ ನೌಕಾಪಡೆಯಲ್ಲಿ 1988ರಿಂದ 2017ರವರೆಗೆ, 29 ವರ್ಷ ದುಡಿಯಿತು. ಸುಮಾರು 30,000 ಗಂಟೆ ಹಾರಿತು. ಒಂದೂ ಅಪಘಾತವಿಲ್ಲ. ಸೋವಿಯತ್ ಕಾಲದ ಯಂತ್ರ, ಉಪ್ಪುಗಾಳಿಯ ಕೆಲಸ, ಆದರೂ ಬೀಳಲಿಲ್ಲ. ಅದೇ ನೌಕಾಪಡೆಯ, ಅದೇ ದೇಶದಿಂದ ಬಂದ, ಅದೇ ಬಗೆಯ ಸಮುದ್ರ ಕಾವಲಿನ ಎರಡು ಐಎಲ್ 38 ವಿಮಾನಗಳು 2002ರ ಅಕ್ಟೋಬರ್ 1ರಂದು ಗೋವಾದಲ್ಲಿ ಆಕಾಶದಲ್ಲೇ ಒಂದಕ್ಕೊಂದು ಬಡಿದವು. ಸ್ಕ್ವಾಡ್ರನ್ನಿನ (ವಿಮಾನ ತುಕಡಿಯ) ಬೆಳ್ಳಿಹಬ್ಬದ ದಿನ, ಸಾಲುಕಟ್ಟಿ ಹಾರುವಾಗ. ವಿಮಾನಗಳಲ್ಲಿದ್ದ 12 ಮಂದಿಯೂ ತೀರಿಕೊಂಡರು, ಕೆಳಗೆ ನೆಲದ ಮೇಲಿದ್ದವರೂ ಸತ್ತರು. ಎಂಜಿನ್ನಿನ ವಯಸ್ಸಿಗೂ ಈ ಸಾವುಗಳಿಗೂ ಸಂಬಂಧ ಹುಡುಕುವುದು ಕಷ್ಟ.

ಹಾಗಾದರೆ ವ್ಯತ್ಯಾಸ ಎಲ್ಲಿ? ತಪ್ಪಾದಮೇಲೆ ಸುಧಾರಿಸಿಕೊಳ್ಳಲು ಎಷ್ಟು ಎತ್ತರ, ಎಷ್ಟು ಸೆಕೆಂಡು ಕೈಯಲ್ಲಿರುತ್ತದೆ ಎಂಬುದರಲ್ಲಿ. ಟುಪೊಲೆವ್‌ಗೆ ನಾಲ್ಕು ಎಂಜಿನ್, ಕಾಕ್‌ಪಿಟ್ಟಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುವಷ್ಟು ಜನ, ಗಂಟೆಗಟ್ಟಲೆ ನೇರ ಹಾರಾಟ. ಒಂದು ಎಂಜಿನ್ ಕೈಕೊಟ್ಟರೆ ಸೂಚನೆಗಳ ಪುಸ್ತಕ ತೆಗೆದು ಓದಿಕೊಂಡು ಮುಂದಿನದನ್ನು ನೋಡಬಹುದು. ಸಾಲಿನಲ್ಲಿ ಹತ್ತಿರ ಹತ್ತಿರ ಹಾರುವಾಗ ಆ ಸಮಯ ಇಲ್ಲ. ಬಸ್ಸಿನ ಹಾಗೆ ಜನರನ್ನು ಸಾಗಿಸುವ ವಿಮಾನಕ್ಕೂ ಮಿಲಿಟರಿ ವಿಮಾನಕ್ಕೂ ಇರುವ ಅಂತರವೂ ಇದೇ: ಪ್ರಯಾಣಿಕರ ವಿಮಾನ ಕಷ್ಟದ ಜಾಗಕ್ಕೆ ಹೋಗುವುದೇ ಇಲ್ಲ, ಸೇನೆಯ ಪೈಲಟ್ ಅಲ್ಲಿಗೆ ಹೋಗುವುದನ್ನೇ ಶಾಂತಿಕಾಲದಲ್ಲಿ ದಿನಾ ಅಭ್ಯಾಸ ಮಾಡುತ್ತಾನೆ. 2023ರ ಜನವರಿ 28ರಂದು ಗ್ವಾಲಿಯರ್‌ನಿಂದ ಎದ್ದ ಸುಖೋಯ್ ಮತ್ತು ಮಿರಾಜ್ ಯುದ್ಧವಿಮಾನಗಳು ಡಿಕ್ಕಿಯಾದದ್ದು ಅಭ್ಯಾಸದಲ್ಲೇ. ಸುಖೋಯ್‌ನ ಇಬ್ಬರೂ ಹೊರಗೆ ಹಾರಿ ಉಳಿದರು, ಮಿರಾಜ್‌ನಲ್ಲಿದ್ದ ಬೆಳಗಾವಿಯ ಪೈಲಟ್ ಉಳಿಯಲಿಲ್ಲ.

"ಹಳೇ ಡಬ್ಬಾ" ಎನ್ನುವವರು ಕೊನೆಗೆ ಬಂದು ನಿಲ್ಲುವುದು ಮಿಗ್ 21 ಯುದ್ಧವಿಮಾನದ ಹತ್ತಿರ. 2012ರಲ್ಲಿ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕ ಇದು: ರಷ್ಯಾದಿಂದ ಪಡೆದ ಬೇರೆ ಬೇರೆ ಬಗೆಯ 872 ಮಿಗ್‌ಗಳಲ್ಲಿ ಆ ವರ್ಷದ ಏಪ್ರಿಲ್‌ವರೆಗೆ 482 ಅಪಘಾತಕ್ಕೀಡಾಗಿದ್ದವು, 171 ಪೈಲಟ್‌ಗಳು ಸತ್ತಿದ್ದರು. ದೊಡ್ಡ ಸಂಖ್ಯೆಯೇ. ಆದರೆ ಅದನ್ನು ಬಿಡಿಸಿ ನೋಡಬೇಕು. ಮಿಗ್ 21ಕ್ಕೆ ಇರುವುದು ಒಂದೇ ಎಂಜಿನ್, ರೆಕ್ಕೆ ಗಿಡ್ಡ ತ್ರಿಕೋನ, ನೆಲ ಮುಟ್ಟುವಾಗಿನ ವೇಗವೇ ಗಂಟೆಗೆ ಸುಮಾರು 300 ಕಿ.ಮೀ. ತೀರಾ ನಿಧಾನಿಸಿದರೆ ವಿಮಾನ ಬೇಗ ಬೇಗ ಕೆಳಕ್ಕೆ ಕುಸಿಯತೊಡಗುತ್ತದೆ. ಇಂಥದ್ದರ ಮೇಲೆ ನಮ್ಮ ಹುಡುಗರು ಕೂರುತ್ತಿದ್ದದ್ದು ಕಿರಣ್‌ನಂಥ ಸಾಧು ತರಬೇತಿ ವಿಮಾನದಿಂದ ನೇರವಾಗಿ. ಲೂನಾ ಓಡಿಸಿ ಕಲಿತವನ ಕೈಗೆ ರೇಸ್ ಬೈಕ್ ಕೊಟ್ಟ ಹಾಗೆ. ನಡುವೆ ಒಂದು ಮುಂದುವರಿದ ಜೆಟ್ ತರಬೇತಿ ವಿಮಾನ ಬೇಕೆಂದು ವಾಯುಪಡೆಯ ಅಪಘಾತಗಳನ್ನು ಪರಿಶೀಲಿಸಿದ ಲಾ ಫಾಂಟೈನ್ ಸಮಿತಿ ಹೇಳಿದ್ದು 1980ರ ದಶಕದ ಆರಂಭದಲ್ಲಿ. ಹಾಕ್ ವಿಮಾನ ಬೀದರ್ ನೆಲೆಗೆ ಸೇರಿದ್ದು 2008ರ ಫೆಬ್ರವರಿಯಲ್ಲಿ. ಕಾಲು ಶತಮಾನ! ವಿಮಾನದ ವಯಸ್ಸಿಗಿಂತ ಈ ಕಡತದ ವಯಸ್ಸಿನ ಬಗ್ಗೆಯೇ ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ಮಿಗ್ 21 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ನಿವೃತ್ತವಾಯಿತು. ಅದಾಗಿ ಎರಡು ತಿಂಗಳೂ ಆಗಿರಲಿಲ್ಲ, ನವೆಂಬರ್ 21ರಂದು ದುಬೈ ಪ್ರದರ್ಶನದಲ್ಲಿ ಹೊಸ ತೇಜಸ್ ನೆಲಕ್ಕೆ ಬಡಿದು ಪೈಲಟ್ ತೀರಿಕೊಂಡರು. ನೆಲಕ್ಕೆ ಹತ್ತಿರ ಕಸರತ್ತು ಮಾಡುವಾಗ ಹೊಸದು, ಹಳೆಯದು ಎರಡಕ್ಕೂ ಸಿಗುವ ಎತ್ತರ ಅಷ್ಟೇ.

ಇಷ್ಟು ಹೇಳಿ ಯಂತ್ರವನ್ನು ಪೂರ್ತಿ ಬಿಟ್ಟುಬಿಟ್ಟರೆ ತಪ್ಪಾಗುತ್ತದೆ. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ ಹೆಲಿಕಾಪ್ಟರ್ ಇಳಿಯುವ ಹೊತ್ತಿಗೆ ಹತೋಟಿ ತಪ್ಪಿ ಬಿದ್ದು ಮೂವರು ಸತ್ತರು. ತನಿಖೆಯಲ್ಲಿ ಸಿಕ್ಕಿದ್ದು ಸ್ವಾಶ್‌ಪ್ಲೇಟ್ ಎಂಬ ಭಾಗದ ಬಿರುಕು. ಧ್ರುವಗಳೆಲ್ಲ, ಸುಮಾರು 330, ಹಾರಾಟ ನಿಲ್ಲಿಸಿ ನೆಲದಲ್ಲೇ ಉಳಿದವು.

ಸ್ವಾಶ್‌ಪ್ಲೇಟ್ ಎಂದರೇನು? ಒಂದರ ಮೇಲೊಂದು ಇಟ್ಟ ಎರಡು ತಟ್ಟೆ, ನಡುವೆ ಬೇರಿಂಗ್. ಕೆಳಗಿನದು ತಿರುಗುವುದಿಲ್ಲ, ಪೈಲಟ್ ಕೈಯ ಹಿಡಿಕೆಗೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ, ಓರೆಯಾಗುತ್ತದೆ. ಮೇಲಿನದು ತಲೆಯ ಮೇಲಿನ ರೆಕ್ಕೆಗಳ (ರೋಟರ್) ಜೊತೆ ತಿರುಗುತ್ತದೆ. ಅದರಿಂದ ಒಂದೊಂದು ರೆಕ್ಕೆಗೆ ಒಂದೊಂದು ಸರಳು ಹೋಗಿ ರೆಕ್ಕೆಯ ಓರೆಯನ್ನು ಬದಲಿಸುತ್ತದೆ. ಹೆಲಿಕಾಪ್ಟರ್ ಮೇಲೇರುವುದು, ಮುಂದೆ ಹೋಗುವುದು, ಪಕ್ಕಕ್ಕೆ ವಾಲುವುದು ಎಲ್ಲವೂ ಈ ತಟ್ಟೆಯ ಮೂಲಕವೇ. ಧ್ರುವಕ್ಕೆ ಎಂಜಿನ್ ಎರಡು, ಒಂದು ಹೋದರೆ ಇನ್ನೊಂದುಂಟು. ಸ್ವಾಶ್‌ಪ್ಲೇಟ್ ಒಂದೇ. ರೋಟರ್ ನಿಮಿಷಕ್ಕೆ ಸುಮಾರು 300 ಸುತ್ತು ತಿರುಗಿದರೆ ಗಂಟೆಗೆ 18,000 ಸುತ್ತು, 500 ಗಂಟೆ ಹಾರಾಟಕ್ಕೆ 90 ಲಕ್ಷ. ಪ್ರತಿ ಸುತ್ತಿಗೂ ಲೋಹ ಒಮ್ಮೆ ಎಳೆಸಿಕೊಂಡು ಒಮ್ಮೆ ಸಡಿಲವಾಗುತ್ತದೆ. ತಂತಿಯನ್ನು ಅತ್ತಿತ್ತ ಮಣಿಸಿ ಮುರಿಯುತ್ತೇವಲ್ಲ, ಅದೇ ಕ್ರಿಯೆ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ. ಕೂದಲೆಳೆಯ ಬಿರುಕು ಬಹಳ ಕಾಲ ಸುಮ್ಮನೆ ಇರುತ್ತದೆ. ಉಳಿದ ಲೋಹಕ್ಕೆ ಭಾರ ತಡೆಯಲಾಗದ ಕ್ಷಣ ಬಂದಾಗ ಒಮ್ಮೆಲೇ ಹೋಗುತ್ತದೆ. ಹಿಡಿಕೆ ಕೈಯಲ್ಲೇ ಇರುತ್ತದೆ, ರೆಕ್ಕೆ ಮಾತು ಕೇಳುವುದಿಲ್ಲ. ಇದನ್ನು "ಪೈಲಟ್ ತಪ್ಪು" ಅನ್ನಲು ಬರುವುದೇ ಇಲ್ಲ.

ಸಮುದ್ರದ ಮೇಲೆ ಹಾರುವ ಯಾವ ಯಂತ್ರಕ್ಕೂ ಇನ್ನೊಂದು ಕಾಟ ಉಪ್ಪಿನದು. ಕಾರವಾರದವರಿಗೆ ವಿವರಿಸಿ ಹೇಳಬೇಕಾಗಿಲ್ಲ: ಶಿರಸಿಯಲ್ಲಿ ಚೆನ್ನಾಗಿದ್ದ ಬೈಕು ಘಟ್ಟ ಇಳಿದು ಬಂದಮೇಲೆ ಅದರ ಸೈಲೆನ್ಸರ್ ಏನಾಗುತ್ತದೆ ಎಂದು ಇಲ್ಲಿನ ಗ್ಯಾರೇಜಿನವರನ್ನು ಕೇಳಿ. ಜೆಟ್ ಎಂಜಿನ್ನಿನಲ್ಲಿ ಗಾಳಿಯನ್ನು ಒತ್ತುವ ಕಂಪ್ರೆಸರ್ ಎಲೆಗಳ ಮೇಲೆ ಉಪ್ಪು ಕೂತರೆ ಗಾಳಿ ಸರಿಯಾಗಿ ಹರಿಯುವುದಿಲ್ಲ, ಎಂಜಿನ್ ಕೆಮ್ಮುತ್ತದೆ. ಉಪ್ಪು ತಿಂದ ಲೋಹದಲ್ಲಿ ಸೂಜಿಮೊನೆಯಷ್ಟು ಗುಳಿ ಬೀಳುತ್ತದೆ, ಮೇಲೆ ಹೇಳಿದ ಬಿರುಕು ಹುಟ್ಟುವುದಕ್ಕೆ ಅಂಥ ಗುಳಿಯೇ ಸಾಕು. ಅದಕ್ಕೇ ಸಮುದ್ರದ ಮೇಲೆ ತಗ್ಗಿನಲ್ಲಿ ಹಾರಿ ಬಂದ ಹೆಲಿಕಾಪ್ಟರಿಗೆ ಸಿಹಿನೀರಿನ ಸ್ನಾನ, ಎಂಜಿನ್ನಿನ ಒಳಗೂ ಶುದ್ಧ ನೀರಿನ ತೊಳೆತ. ಗೇರ್‌ಬಾಕ್ಸಿನ ಎಣ್ಣೆಯಲ್ಲಿ ಒಂದು ಅಯಸ್ಕಾಂತದ ಬಿರಡೆ ಇರುತ್ತದೆ. ಒಳಗೆ ಯಾವುದಾದರೂ ಹಲ್ಲು ಸವೆದರೆ ಕಬ್ಬಿಣದ ಚೂರು ಅದಕ್ಕೆ ಅಂಟಿ ಕಾಕ್‌ಪಿಟ್ಟಿನಲ್ಲಿ ದೀಪ ಹೊತ್ತುತ್ತದೆ. "ಸೆನ್ಸರ್ ಸರಿ ಇಲ್ಲ" ಎಂದು ಆ ದೀಪವನ್ನು ಅಲಕ್ಷ್ಯ ಮಾಡಿದ ದಿನ ಅಪಾಯ ಹತ್ತಿರ ಬಂತೆಂದೇ ಲೆಕ್ಕ.

ಇನ್ನು ಮನುಷ್ಯನ ತಪ್ಪು. ರಕ್ಷಣೆಯ ಸಂಸದೀಯ ಸ್ಥಾಯಿ ಸಮಿತಿಯ 2024ರ ಡಿಸೆಂಬರ್ ವರದಿಯ ಪ್ರಕಾರ 2017ರಿಂದ 2022ರ ಅವಧಿಯಲ್ಲಿ ವಾಯುಪಡೆಯ 34 ವಿಮಾನಗಳು ಅಪಘಾತಕ್ಕೀಡಾದವು, ಅವುಗಳಲ್ಲಿ 19ಕ್ಕೆ ಕಾರಣ ಮನುಷ್ಯನ ತಪ್ಪು. ಕೂನೂರಿನದೂ ಆ ಲೆಕ್ಕದಲ್ಲಿದೆ. 2021ರ ಡಿಸೆಂಬರ್ 8ರಂದು ಎಂಐ 17 ಹೆಲಿಕಾಪ್ಟರ್ ಸೂಲೂರಿನಿಂದ 11.48ಕ್ಕೆ ಎದ್ದಿತು, ವೆಲ್ಲಿಂಗ್ಟನ್‌ನಲ್ಲಿ 12.15ಕ್ಕೆ ಇಳಿಯಬೇಕಿತ್ತು, 12.08ಕ್ಕೆ ಸಂಪರ್ಕ ಕಡಿಯಿತು. ಜನರಲ್ ಬಿಪಿನ್ ರಾವತ್ ಸೇರಿ ಒಳಗಿದ್ದ 14 ಮಂದಿಯಲ್ಲಿ ಯಾರೂ ಬದುಕಲಿಲ್ಲ. ಮೂರೂ ಪಡೆಗಳ ತನಿಖೆ ಹೇಳಿದ್ದು: ಯಂತ್ರ ಕೆಟ್ಟಿರಲಿಲ್ಲ, ಯಾರೂ ಕಿತಾಪತಿ ಮಾಡಿರಲಿಲ್ಲ. ಹವೆ ಹಠಾತ್ತನೆ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಹೊಕ್ಕಿತು, ಪೈಲಟ್‌ಗೆ ದಿಕ್ಕು ತಪ್ಪಿತು, ಚೆನ್ನಾಗಿದ್ದ ಹೆಲಿಕಾಪ್ಟರ್ ಗುಡ್ಡಕ್ಕೆ ಬಡಿಯಿತು.

"ಅಷ್ಟು ಅನುಭವ ಇದ್ದವರಿಗೆ ದಿಕ್ಕು ತಪ್ಪೋದು ಹೇಗೆ?" ಇದು ಎರಡನೆಯ ಪ್ರಶ್ನೆ. ದೇವಿಮನೆ ಘಟ್ಟದಲ್ಲಿ ಆಷಾಢದ ಮಂಜು ಕವಿದಾಗ ನೀವು ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸುತ್ತೀರಿ. ಚಕ್ರದ ಕೆಳಗೆ ರಸ್ತೆ ಇದೆ, ಯಾವುದು ಕೆಳಗೆ ಎಂಬ ಸಂಶಯವೇ ಬರುವುದಿಲ್ಲ. ಆಕಾಶದಲ್ಲಿ ಈ ಭರವಸೆ ಇಲ್ಲ. ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಬಳೆಗಳಿವೆ, ತಿರುಗುವುದು ಗೊತ್ತಾಗುವುದು ಅವುಗಳಿಂದ. ಸೆಕೆಂಡಿಗೆ ಸುಮಾರು 2 ಡಿಗ್ರಿಗಿಂತ ನಿಧಾನ ವಾಲಿದರೆ ಅವಕ್ಕೆ ತಿಳಿಯುವುದೇ ಇಲ್ಲ. ಸೆಕೆಂಡಿಗೆ ಒಂದೂವರೆ ಡಿಗ್ರಿಯಂತೆ ವಾಲುತ್ತ ಹೋದರೆ 20 ಸೆಕೆಂಡಿನಲ್ಲಿ ವಿಮಾನ 30 ಡಿಗ್ರಿ ಓರೆ, ಪೈಲಟ್‌ಗೆ ಮಾತ್ರ ನೆಟ್ಟಗೆ ಕೂತ ಅನುಭವ. ಮೀಟರು ನೋಡಿ ಥಟ್ಟನೆ ಸರಿಮಾಡಿದರೆ ಆಗ ಕಿವಿ ಹೇಳುತ್ತದೆ, "ಈಗ ಆ ಕಡೆ ವಾಲಿದೆ" ಎಂದು! ನಂಬಿ ಮತ್ತೆ ಹಳೆಯ ಓರೆಗೇ ತರುತ್ತಾನೆ. ಅನುಭವ ಹೆಚ್ಚಿದ್ದರೆ ಕಿವಿ ಬದಲಾಗುವುದಿಲ್ಲ. ಕಿವಿಯನ್ನು ಬಿಟ್ಟು ಮೀಟರನ್ನು ನಂಬುವ ಅಭ್ಯಾಸ ಗಟ್ಟಿಯಾಗಬಹುದು, ಅಷ್ಟೇ. ಗುಡ್ಡಗಾಡಿನಲ್ಲಿ ತಗ್ಗಾಗಿ ಹಾರುವಾಗ ಮೋಡ ಹೊಕ್ಕರೆ ಮಾಡಬೇಕಾದ್ದು ರೆಕ್ಕೆ ಸಮ ಮಾಡಿ, ಪೂರ್ತಿ ಶಕ್ತಿ ಕೊಟ್ಟು, ಸುತ್ತಲ ಅತಿ ಎತ್ತರದ ಶಿಖರಕ್ಕಿಂತ ಮೇಲೇರುವುದು. "ಇನ್ನೇನು ಮೋಡ ಮುಗಿಯಿತು" ಎಂದು ಅದೇ ಎತ್ತರದಲ್ಲಿ ಮುಂದುವರಿಯುವ ಆಸೆಯೇ ಕೊಲ್ಲುವುದು. ಇಳಿಯುವ ಜಾಗ ಏಳು ನಿಮಿಷ ದೂರದಲ್ಲಿದ್ದರಂತೂ ಆ ಆಸೆ ಬಲು ಜೋರು.

ನಮ್ಮ ಕರಾವಳಿಯಲ್ಲಿ ಗುಡ್ಡವಿಲ್ಲದ ಕಡೆಯೂ ಈ ಮೋಸ ನಡೆಯುತ್ತದೆ. ಚಂದ್ರನಿಲ್ಲದ ರಾತ್ರಿ, ಮಬ್ಬು ಹವೆ, ಸಮುದ್ರವೂ ಆಕಾಶವೂ ಒಂದೇ ಕಪ್ಪು. ಕೆಳಗೆ ಮೀನುಬೋಟುಗಳ ದೀಪ, ಮೇಲೆ ನಕ್ಷತ್ರ. ಬೋಟಿನ ದೀಪವೇ ನಕ್ಷತ್ರ ಎಂದುಕೊಂಡವನಿಗೆ ದಿಗಂತ ಇರುವುದಕ್ಕಿಂತ ಕೆಳಗೆ ಕಾಣುತ್ತದೆ. ಅದಕ್ಕೆ ಸರಿಹೊಂದಿಸಲು ಮೂಗು ಬಗ್ಗಿಸುತ್ತಾನೆ.

"ಸೀಟು ಸಮೇತ ಹಾರಿ ತಪ್ಪಿಸಿಕೊಳ್ಳಬಹುದಲ್ವಾ?" ಎಂದೂ ಕೇಳುತ್ತಾರೆ. ಬಹುದು, ಸಮಯವಿದ್ದರೆ. ನಿಂತ ವಿಮಾನದಿಂದಲೂ ಉಳಿಸಬಲ್ಲ ಸೀಟುಗಳಿವೆ, ಆದರೆ ಅದು ವಿಮಾನ ನೆಟ್ಟಗಿದ್ದು ಕೆಳಕ್ಕೆ ಜಾರದಿದ್ದಾಗಿನ ಮಾತು. 150 ಮೀಟರ್ ಎತ್ತರದಲ್ಲಿ ಸೆಕೆಂಡಿಗೆ 60 ಮೀಟರ್ ಕುಸಿಯುತ್ತಿರುವ ವಿಮಾನಕ್ಕೆ ನೆಲ ಎರಡೂವರೆ ಸೆಕೆಂಡು ದೂರ. ತೀರ್ಮಾನಕ್ಕೆ ಒಂದು ಸೆಕೆಂಡು ಹೋದರೆ ಪ್ಯಾರಾಚೂಟ್ ಬಿಚ್ಚಿಕೊಳ್ಳಲು ಉಳಿಯುವುದು ಒಂದೂವರೆ. ಪಕ್ಕಕ್ಕೆ ಮಲಗಿದ ವಿಮಾನವಾದರೆ ಸೀಟು ಹಾರುವುದೂ ಪಕ್ಕಕ್ಕೇ. 2020ರ ನವೆಂಬರ್ 26ರಂದು ವಿಕ್ರಮಾದಿತ್ಯ ಎಂಬ ವಿಮಾನವಾಹಕ ಹಡಗಿನ ಮಿಗ್ 29ಕೆ ಯುದ್ಧವಿಮಾನ ಅರಬ್ಬೀ ಸಮುದ್ರಕ್ಕೆ ಬಿದ್ದಾಗ ಒಬ್ಬ ಪೈಲಟ್ ಸಿಕ್ಕಿದರು, ಇನ್ನೊಬ್ಬರ ದೇಹ ಹನ್ನೊಂದು ದಿನಗಳ ನಂತರ ಗೋವಾ ತೀರದಿಂದ ಸುಮಾರು 30 ನಾಟಿಕಲ್ ಮೈಲಿಯಾಚೆ 70 ಮೀಟರ್ ಆಳದಲ್ಲಿ ಸಿಕ್ಕಿತು.

ಹಕ್ಕಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇದರಲ್ಲಿ ಊರಿನವರ ಕೈಯೂ ಇದೆ. 2019ರ ನವೆಂಬರ್ 16ರಂದು ಗೋವಾದಿಂದ ಎದ್ದ ಮಿಗ್ 29ಕೆಗೆ ಹಕ್ಕಿ ಹಿಂಡು ಅಡ್ಡ ಬಂತು, ಒಂದು ಎಂಜಿನ್ ಆರಿತು, ಇನ್ನೊಂದಕ್ಕೆ ಬೆಂಕಿ ಹತ್ತಿತು. ವಿಮಾನವನ್ನು ಜನವಿಲ್ಲದ ಕಡೆಗೆ ತಿರುಗಿಸಿ ಇಬ್ಬರೂ ಹಾರಿ ಉಳಿದರು. 700 ಗ್ರಾಂ ತೂಗುವ ಹದ್ದು ಗಂಟೆಗೆ 450 ಕಿ.ಮೀ. ವೇಗದ ವಿಮಾನಕ್ಕೆ ಸಿಕ್ಕರೆ ಬೀಳುವ ಪೆಟ್ಟಿನ ಶಕ್ತಿ, ಒಂದೂವರೆ ಕೆ.ಜಿ.ಯ 25 ತೆಂಗಿನಕಾಯಿಗಳು 15 ಮೀಟರ್ ಮರದಿಂದ ಒಟ್ಟಿಗೇ ಒಂದೇ ಜಾಗಕ್ಕೆ ಬಿದ್ದಷ್ಟು. ವಿಮಾನ ನಿಲ್ದಾಣದ ಸುತ್ತ 10 ಕಿ.ಮೀ. ಒಳಗೆ ಬಯಲಲ್ಲಿ ಪ್ರಾಣಿ ಕಡಿಯಬಾರದು, ಕಸ ಚೆಲ್ಲಬಾರದು ಎಂಬ ನಿಯಮ ವಿಮಾನಯಾನ ನಿಯಮಾವಳಿಯಲ್ಲಿ ಬಹಳ ಹಿಂದಿನಿಂದ ಇದೆ. ಅಂಕೋಲೆಯ ಅಲಗೇರಿಯಲ್ಲಿ ನೌಕಾಪಡೆಯ ವಿಮಾನ ನಿಲ್ದಾಣದ ಯೋಜನೆ ಇದೆಯಲ್ಲ, ಅಲ್ಲಿಂದ 10 ಕಿ.ಮೀ. ವೃತ್ತ ಎಳೆದು ನೋಡಿ: ಬೇಲೇಕೇರಿ ಬಂದರು ಒಳಗೆ, ಅಂಕೋಲೆ ಪೇಟೆ ಒಳಗೆ. ಒಣಮೀನು ಹರವುವ ಜಾಗ, ಮೀನಿನ ತಲೆ ಕರುಳು ಎಸೆಯುವ ಜಾಗ, ಅಲ್ಲಿ ಸುತ್ತುವ ಹದ್ದು, ಗರುಡ. ಜಮೀನು ಪರಿಹಾರದ ಮಾತಿನಷ್ಟೇ ಜೋರಾಗಿ ಈ ತ್ಯಾಜ್ಯದ ಮಾತೂ ಆಗಬೇಕಿತ್ತು, ನನಗೆ ಕೇಳಿಸಿಲ್ಲ.

ತನಿಖಾ ವರದಿ ಯಾಕೆ ಪೇಪರಿನಲ್ಲಿ ಬರುವುದಿಲ್ಲ? ಸಿವಿಲ್ ವಿಮಾನದ ತನಿಖೆಗೆ ಅಂತರರಾಷ್ಟ್ರೀಯ ಒಪ್ಪಂದದ ನಿಯಮವಿದೆ. ಸೇನೆಯ ವಿಮಾನ ಆ ಒಪ್ಪಂದದ ಹೊರಗೆ. ಸೇನೆಯ ವಿಚಾರಣೆ ಒಳಗೇ ಮುಗಿಯುತ್ತದೆ, ನಮಗೆ ಸಿಗುವುದು ನಾಲ್ಕು ಸಾಲಿನ ಪ್ರಕಟಣೆ. 2019ರ ಫೆಬ್ರವರಿ 27ರಂದು ಬಡ್ಗಾಮ್‌ನಲ್ಲಿ ನಮ್ಮದೇ ಕ್ಷಿಪಣಿ ನಮ್ಮದೇ ಎಂಐ 17ನ್ನು ಹೊಡೆದು ಏಳು ಮಂದಿ ಸತ್ತದ್ದನ್ನು ವಾಯುಪಡೆಯ ಮುಖ್ಯಸ್ಥರು ಬಹಿರಂಗವಾಗಿ ಒಪ್ಪಿಕೊಂಡದ್ದು ಅಕ್ಟೋಬರ್‌ನಲ್ಲಿ.

ಅವಶೇಷ ಸಿಗುವುದೂ ಸುಲಭವಲ್ಲ. 2016ರ ಜುಲೈ 22ರಂದು ಚೆನ್ನೈನಿಂದ ಪೋರ್ಟ್ ಬ್ಲೇರ್‌ಗೆ ಹೊರಟು 29 ಮಂದಿಯೊಂದಿಗೆ ಮಾಯವಾದ ವಾಯುಪಡೆಯ ಎಎನ್ 32 ವಿಮಾನದ ತುಂಡುಗಳು ಪತ್ತೆಯಾದ ಸುದ್ದಿ ಬಂದದ್ದು 2024ರ ಜನವರಿಯಲ್ಲಿ, 3,400 ಮೀಟರ್ ಆಳದಲ್ಲಿ. ನಮ್ಮ ಕಡೆ ತೀರದ ಸಮುದ್ರ ಅಷ್ಟು ಆಳವಿಲ್ಲ. ಟ್ರಾಲರ್ ಬಲೆಗೆ ಲೋಹದ ತುಂಡು ಸಿಕ್ಕಿಬಿಡಬಹುದು. ಸಿಕ್ಕರೆ ಗುಜರಿಗೆ ಕೊಡಬೇಡಿ, ಮತ್ತೆ ನೀರಿಗೂ ಎಸೆಯಬೇಡಿ. ಜಿಪಿಎಸ್ ಗುರುತು ಬರೆದುಕೊಂಡು ಬೋಟಿನ ವಿಎಚ್‌ಎಫ್ ರೇಡಿಯೊದ 16ನೇ ಚಾನಲ್‌ನಲ್ಲಿ, ಅಥವಾ ಕರಾವಳಿ ಕಾವಲು ಪಡೆಯ 1554ಕ್ಕೆ ತಿಳಿಸಿ. ಕಣ್ಣೆದುರೇ ವಿಮಾನ ಬಿದ್ದು ಪೈಲಟ್ ನೀರಿನಲ್ಲಿದ್ದರೆ ಬೋಟನ್ನು ಪ್ಯಾರಾಚೂಟಿನ ಬಟ್ಟೆಯ ಕಡೆಯಿಂದ ತರಬೇಡಿ, ಹಗ್ಗ ಪಂಖಕ್ಕೆ ಸುತ್ತಿದರೆ ಬೋಟೂ ಹೋಯಿತು, ಅವನೂ ಮುಳುಗಿದ. ಎಂಜಿನ್ ನ್ಯೂಟ್ರಲ್‌ಗೆ ಹಾಕಿ, ಮೊದಲು ಹಗ್ಗ ಕೊಯ್ದು ಅವನನ್ನು ಬಿಡಿಸಿ, ಬೆನ್ನು ಬಗ್ಗಿಸದೆ ಅಡ್ಡವಾಗಿ ಮೇಲೆತ್ತಿ. ಸೀಟು ಚಿಮ್ಮುವಾಗಿನ ಹೊಡೆತಕ್ಕೆ ಬೆನ್ನುಮೂಳೆ ಬಿರುಕು ಬಿಟ್ಟಿರುವ ಸಂಭವ ಹೆಚ್ಚು. ಸುಟ್ಟ ರೆಕ್ಕೆಯ ತುಂಡುಗಳ ಕಡೆಯಿಂದ ಗಾಳಿ ನಿಮ್ಮತ್ತ ಬೀಸುತ್ತಿದ್ದರೆ ಬೋಟು ತಿರುಗಿಸಿ ಇನ್ನೊಂದು ಮಗ್ಗುಲಿಗೆ ಹೋಗಿ, ಕಾರ್ಬನ್ ನಾರಿನ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಹಾರದೇ ಉಳಿದ ಸೀಟು ಕಂಡರೆ ಅದರ ಯಾವ ಹಿಡಿಕೆಗೂ ಕೈ ಹಾಕಬೇಡಿ. ಒಳಗೆ ರಾಕೆಟ್ ಇನ್ನೂ ಜೀವಂತ ಇರುತ್ತದೆ.