ಮೂರು ಊರಿಗೆ ಒಂದೇ ಸೆಕೆಂಡು: ಜಿಪಿಎಸ್ ಟೈಮಿಂಗ್ ಬೋರ್ಡಿನ ಕೆಲಸ ಎಲ್ಲಿಗೆ ಬಂತು

ಫೆಬ್ರವರಿ 9, ಶಿರಸಿ

ಇದೆಲ್ಲ ಶುರುವಾಗಿದ್ದು ಸಿಡಿಲಿನಿಂದ. ಹೋದ ವರ್ಷ ಏಪ್ರಿಲ್‌ನಲ್ಲಿ ನಮ್ಮ ತೋಟದ ಅಂಚಿನ ತೆಂಗಿನಮರಕ್ಕೆ ಸಿಡಿಲು ಹೊಡೆಯಿತು. ಅದೇ ಹೊತ್ತಿಗೆ ಕಾರವಾರದಲ್ಲಿರುವ ಗೆಳೆಯನ ರೇಡಿಯೋದಲ್ಲೂ ಚಟ್ ಅಂದಿತ್ತಂತೆ. ನಡುವೆ ನೇರ ಗೆರೆ ಎಳೆದರೆ ಸುಮಾರು 80 ಕಿಲೋಮೀಟರ್. ಅಂದರೆ ಆ ಚಟ್ ಅವನಿಗೆ ತಲುಪಿದ್ದು ಸೆಕೆಂಡಿನ ಸಾವಿರದ ಒಂದು ಭಾಗದ ಕಾಲಂಶ ತಡವಾಗಿ. ಶಿರಸಿ, ಕುಮಟಾ, ಕಾರವಾರ ಮೂರೂ ಕಡೆ ಆಂಟೆನಾ ಇಟ್ಟು ಈ ತಡವನ್ನು ಅಳೆದರೆ, ಸಿಡಿಲು ಎಲ್ಲಿ ಬಿತ್ತು ಅಂತ ಲೆಕ್ಕ ಹಾಕಬಹುದು ಅಲ್ವಾ? ಅಲೆ ಮೈಕ್ರೋಸೆಕೆಂಡಿಗೆ (ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿಗೆ) 300 ಮೀಟರ್ ಓಡುತ್ತದೆ. ಸಿಡಿಲಿನ ಅಲೆಯ ಅಂಚನ್ನು ಗುರುತಿಸುವುದರಲ್ಲೇ ಸಾಕಷ್ಟು ತಪ್ಪು ನುಸುಳುತ್ತದೆ. ಅದರ ಮೇಲೆ ಗಡಿಯಾರದ ತಪ್ಪೂ ಸೇರಬಾರದು ಅನ್ನೋದು ನನ್ನ ಹಟ.

ಹಾಗಾಗಿ ಮೂರು ಊರಿಗೆ ಮೂರು ಗಡಿಯಾರ ಬೇಕು. ಅವು ದಿಲ್ಲಿಯ ಎನ್‌ಪಿಎಲ್ (ದೇಶದ ಅಧಿಕೃತ ಸಮಯ ಕಾಯುವ ಪ್ರಯೋಗಾಲಯ) ಗಡಿಯಾರದ ಜೊತೆ ಕೂದಲೆಳೆಯಷ್ಟೂ ತಪ್ಪದೆ ನಡೆಯಬೇಕು ಅಂತಿಲ್ಲ. ಒಂದರ ಜೊತೆ ಒಂದು ಹೊಂದಬೇಕು, ಅಷ್ಟೇ. ಜಿಪಿಎಸ್ ಉಪಗ್ರಹಗಳು ಕಳಿಸುವ ಸಮಯ ಮೂರು ಊರಿಗೂ ಒಂದೇ, ಅದನ್ನು ಹಿಡಿದರೆ ಆಯಿತು.

ಪೇಟೆಯಲ್ಲಿ ಸಿಗುವ ಅಗ್ಗದ ಜಿಪಿಎಸ್ ಮಾಡ್ಯೂಲ್ ಯಾಕೆ ಸಾಲದು ಅಂತ ಇಬ್ಬರು ಕೇಳಿದ್ದಾರೆ. ಅದೂ ಸೆಕೆಂಡಿಗೊಂದು ಪಲ್ಸ್ (ಕರೆಂಟಿನ ಮಿಡಿತ) ಕೊಡುತ್ತದೆ. ಆದರೆ ಜಾಗ ಮತ್ತು ಸಮಯ ಎರಡನ್ನೂ ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕುತ್ತಾ ಇರುತ್ತದೆ. ಅದಕ್ಕೆ ಕನಿಷ್ಠ ನಾಲ್ಕು ಉಪಗ್ರಹ ಬೇಕು. ಸಮಯಕ್ಕೆಂದೇ ಮಾಡಿದ ಟೈಮಿಂಗ್ ರಿಸೀವರ್ ಹಾಗಲ್ಲ. ಮೊದಲು ಕೆಲವು ಗಂಟೆ ಕೂತು ತನ್ನ ಜಾಗ ಗಟ್ಟಿ ಮಾಡಿಕೊಳ್ಳುತ್ತದೆ. ಆಮೇಲೆ ಜಾಗದ ಗೊಡವೆ ಬಿಟ್ಟು ಬರೀ ಸಮಯ ಹಿಡಿಯುತ್ತದೆ. ಆಗ ಒಂದೇ ಉಪಗ್ರಹ ಕಂಡರೂ ನಡೆಯುತ್ತದೆ. ಸುತ್ತ ಅಡಿಕೆ ಮರ, ಹಿಂದೆ ಬೆಟ್ಟ ಇರುವ ನಮ್ಮಂಥ ಮನೆಗೆ ಇದು ಎಷ್ಟು ದೊಡ್ಡ ಉಪಕಾರ ಅಂತ ಬಯಲುಸೀಮೆಯವರಿಗೆ ಗೊತ್ತಾಗಲಿಕ್ಕಿಲ್ಲ. ನಾನು ಆರಿಸಿದ ಟೈಮಿಂಗ್ ಮಾಡ್ಯೂಲ್ ಯು-ಬ್ಲಾಕ್ಸ್‌ನ ಎಲ್‌ಇಎ-ಎಂ8ಟಿ. 17 ಮಿ.ಮೀ. ಅಗಲ, 22.4 ಮಿ.ಮೀ. ಉದ್ದ, ಬೆಸೆಯಲು 28 ಕಾಲು.

ಮಾರ್ಚ್ 3

ಮೊದಲ ಬೋರ್ಡ್ ಬಂತು. ತಾಮ್ರದ ಎರಡು ಪದರದ್ದು. ಕಿಕ್ಯಾಡ್‌ನಲ್ಲಿ (ಬೋರ್ಡ್ ಬಿಡಿಸುವ ಸಾಫ್ಟ್‌ವೇರ್) ಬಿಡಿಸಿ, ತಯಾರಿಸುವವರಿಗೆ ಗರ್ಬರ್ ಫೈಲ್ (ಪದರಗಳ ನಕ್ಷೆ) ಕಳಿಸಿದ್ದೆ. ಕನಿಷ್ಠ ಆರ್ಡರ್ ಐದು. ಮೂರು ಊರಿಗೆ ಮೂರು, ಕೈತಪ್ಪಿಗೆ ಎರಡು. ಲೆಕ್ಕ ಸರಿಹೋಯಿತು. ಬೋರ್ಡಿನ ಬೆಲೆಗಿಂತ ಕೊರಿಯರ್ ಮತ್ತು ಕಸ್ಟಮ್ಸ್ ಸೇರಿದ ಖರ್ಚೇ ಜಾಸ್ತಿ.

ಸೋಲ್ಡರ್ ಪೇಸ್ಟ್ ಕರಗಿಸಲು ಹಳೇ ಇಸ್ತ್ರಿ ಪೆಟ್ಟಿಗೆಯನ್ನು ತಿರುವಿ, ಎರಡು ಇಟ್ಟಿಗೆ ನಡುವೆ ಕೂರಿಸಿದೆ. ತವರ ಮತ್ತು ಬಿಸ್ಮತ್ ಸೇರಿದ ಪೇಸ್ಟ್ ಇದು, 138 ಡಿಗ್ರಿಗೆ ಕರಗುತ್ತದೆ. ಬೂದು ಬಣ್ಣದ ಪೇಸ್ಟ್ ಮೊದಲು ಒಣಗಿದ ಸುಣ್ಣದ ಹಾಗೆ ಕಾಣುತ್ತದೆ. ಆಮೇಲೆ ಅಂಚಿನಿಂದ ಬೆವರುತ್ತದೆ. ನೋಡನೋಡುತ್ತಾ ಒಂದೇ ಕ್ಷಣಕ್ಕೆ ಬೆಳ್ಳಿಯಾಗುತ್ತದೆ. ಅಷ್ಟು ಹೊತ್ತು ಸ್ವಲ್ಪ ಸೊಟ್ಟ ಕೂತಿದ್ದ ಮಾಡ್ಯೂಲ್ ಆಗ ತಾನಾಗಿಯೇ ಜರುಗಿ ನೆಟ್ಟಗಾಗುತ್ತದೆ. ಕರಗಿದ ಲೋಹದ ಎಳೆತಕ್ಕೆ 28 ಕಾಲೂ ತಮ್ಮ ತಮ್ಮ ಪ್ಯಾಡಿಗೆ ಹೋಗಿ ನಿಲ್ಲುತ್ತವೆ. ಇದನ್ನು ನೋಡಲು ತಂಗಿಯ ಮಗಳು ಎರಡನೇ ಬೋರ್ಡಿಗೂ ಕಾದು ಕೂತಿದ್ದಳು.

ಮಾರ್ಚ್ 10

ಆಂಟೆನಾವನ್ನು ಅಂಗಳದ ಅಟ್ಟದ ಮೇಲೆ ಇಟ್ಟೆ, ಒಣ ಹಾಕಿದ ಅಡಿಕೆಯ ಪಕ್ಕದಲ್ಲೇ. ಮನೆ ಸುತ್ತಮುತ್ತ ಆಕಾಶ ಪೂರ್ತಿ ತೆರೆದಿರುವ ಜಾಗ ಅದೊಂದೇ. ಆದರೂ ಸಿಗ್ನಲ್ 32, 33 ಡಿಬಿ-ಹರ್ಟ್ಜ್ (ಗದ್ದಲದ ಎದುರು ಸಿಗ್ನಲ್ ಎಷ್ಟು ಗಟ್ಟಿ ಅನ್ನೋ ಅಳತೆ) ದಾಟಲಿಲ್ಲ. ನೆತ್ತಿ ಮೇಲಿನ ಉಪಗ್ರಹಕ್ಕೆ 45ರ ಹತ್ತಿರ ಬರಬೇಕು.

ಮೂರು ರಾತ್ರಿ ಹೋಯಿತು. ಕೇಬಲ್ ಬದಲಿಸಿದೆ, ಆಂಟೆನಾ ಬದಲಿಸಿದೆ. ಕೊನೆಗೆ ಬೋರ್ಡನ್ನೇ ಟಾರ್ಚ್ ಬೆಳಕಿಗೆ ಹಿಡಿದೆ. ತೆಳು ಬೋರ್ಡ್ ಅಲ್ವಾ, ಬೆಳಕು ಹಾಯುತ್ತದೆ. ಆಂಟೆನಾದಿಂದ ಮಾಡ್ಯೂಲಿಗೆ ಹೋಗುವ ಗೆರೆಯ ಅಡಿಯಲ್ಲಿ ಇಡೀ ತಾಮ್ರ ಕಪ್ಪಗೆ ಕಾಣಬೇಕಿತ್ತು. ನಡುವೆ ಒಂದು ಸೀಳು ಹೊಳೆಯಿತು. 5 ವೋಲ್ಟ್ ಗೆರೆಯನ್ನು ದಾಟಿಸಲು ಜಾಗ ಸಿಗದೆ, ಕೆಳಗಿನ ಗ್ರೌಂಡನ್ನು, ಅಂದರೆ ಆ ತಾಮ್ರದ ಹಾಸನ್ನು, ನಾನೇ ಕೊಯ್ದಿದ್ದೆ.

20,200 ಕಿಲೋಮೀಟರ್ ಮೇಲಿಂದ ಬರುವ ಸಿಗ್ನಲ್ ಇಲ್ಲಿ ತಲುಪುವಾಗ ಒಂದು ವ್ಯಾಟಿನ ಕೋಟಿ ಕೋಟಿ ಪಾಲಿನಲ್ಲಿ ಒಂದಕ್ಕಿಂತ ಎಷ್ಟೋ ಕಡಿಮೆ. 1575.42 ಮೆಗಾಹರ್ಟ್ಜ್‌ನಲ್ಲಿ ಆ ಗೆರೆ ಬರೀ ತಂತಿ ಅಲ್ಲ. ಅದೂ, ಅದರ ಅಡಿಯ ತಾಮ್ರವೂ ಸೇರಿ 50 ಓಮ್‌ನ ಒಂದು ಕಾಲುವೆ. ನಮ್ಮ ತೋಟದ ಕಾಲುವೆಯ ಏರಿ ಒಂದು ಕಡೆ ಒಡೆದರೆ ನೀರು ಏನಾಗುತ್ತದೋ ಇಲ್ಲೂ ಅದೇ. ಸೀಳಿನ ಪಕ್ಕದಲ್ಲೇ ಸ್ವಿಚಿಂಗ್ ರೆಗ್ಯುಲೇಟರ್ (ಕರೆಂಟನ್ನು ಬಿಟ್ಟು ಬಿಟ್ಟು ಹಾಯಿಸಿ ವೋಲ್ಟೇಜ್ ಹೊಂದಿಸುವ ಭಾಗ) ಬೇರೆ ಕೂರಿಸಿದ್ದೆ. ಅದರ ಗದ್ದಲ ನೇರ ಒಳಗೆ.

ಮಾರ್ಚ್ 22

ಮೊದಲ ಬೇಸಿಗೆ ಮಳೆ. ಆಂಟೆನಾ ಕನೆಕ್ಟರಿಗೆ ಟೇಪ್ ಸುತ್ತಿರಲಿಲ್ಲ, ನೀರು ಇಳಿಯಿತು. ಆಂಟೆನಾದ ಒಳಗಿನ ಆಂಪ್ಲಿಫೈಯರ್‌ಗೆ ಕರೆಂಟು ಅದೇ ಕೇಬಲ್ಲಿನಲ್ಲಿ ಹೋಗುವುದು. ಶಾರ್ಟ್ ಆಗಿ, ಸಾಸಿವೆಗಿಂತ ಚಿಕ್ಕದಾದ 27 ನ್ಯಾನೋಹೆನ್ರಿ ಇಂಡಕ್ಟರ್ (ಸುರುಳಿ) ಸುಟ್ಟಿತು. ಅದರ ಜೊತೆ 10 ಓಮ್ ರೆಸಿಸ್ಟರ್ ಹಾಕಿ ಅಂತ ಡಿಸೈನ್ ಪುಸ್ತಿಕೆಯಲ್ಲಿ ಬರೆದೇ ಇದೆ. ಒಂದು ಪಾರ್ಟ್ ಉಳಿಯುತ್ತದೆ ಅಂತ ನಾನು ಬಿಟ್ಟಿದ್ದೆ. ಮುಂದಿನ ಬೋರ್ಡಿನಲ್ಲಿ ರೆಸಿಸ್ಟರೂ ಇರುತ್ತದೆ, ಫ್ಯೂಸೂ ಇರುತ್ತದೆ.

ಏಪ್ರಿಲ್ 6

ಎರಡನೇ ಡಿಸೈನ್ ಮುಗಿಯಿತು. ಈ ಸಲ ನಾಲ್ಕು ಪದರ. ದುಡ್ಡು ಸ್ವಲ್ಪ ಜಾಸ್ತಿ, ಆದರೆ ಒಪ್ಪಿದೆ. 1.6 ಮಿ.ಮೀ. ದಪ್ಪದ ಎರಡು ಪದರದ ಬೋರ್ಡಿನಲ್ಲಿ 50 ಓಮ್ ಬರಬೇಕಾದರೆ ಸಾದಾ ಗೆರೆ ಸುಮಾರು 3 ಮಿ.ಮೀ. ಅಗಲ ಬೇಕು. ಮಾಡ್ಯೂಲಿನ ಕಾಲಿನ ಮುಂದೆ ಅದು ಹಳ್ಳಿ ಓಣಿಗೆ ಲಾರಿ ನುಗ್ಗಿಸಿದ ಹಾಗೆ. ನಾಲ್ಕು ಪದರದಲ್ಲಿ ಗ್ರೌಂಡ್ 0.2 ಮಿ.ಮೀ. ಕೆಳಗೇ ಸಿಗುತ್ತದೆ. ಸುಮಾರು 0.35 ಮಿ.ಮೀ. ಗೆರೆ ಸಾಕು. ಎರಡನೇ ಪದರವನ್ನು ಪೂರ್ತಿ ಗ್ರೌಂಡಿಗೇ ಬಿಟ್ಟಿದ್ದೇನೆ. ಅಲ್ಲಿ ಒಂದೇ ಒಂದು ಗೆರೆಯನ್ನೂ ಎಳೆದಿಲ್ಲ. ಸ್ವಿಚಿಂಗ್ ರೆಗ್ಯುಲೇಟರ್ ಹೋಗಿ ಅಂಥ ಗದ್ದಲ ಮಾಡದ ಲೀನಿಯರ್ ಬಂತು. ಪಲ್ಸ್ ಹೊರಗೆ ಬರುವ ದಾರಿಯಲ್ಲಿ ಪಲ್ಸಿಗೆ ಬಲ ಕೊಡುವ 74ಎಸಿ ಬಫರ್ ಚಿಪ್, ಅದರ ಮುಂದೆ ಸರಣಿ ರೆಸಿಸ್ಟರ್. ಪ್ಯಾಡಿಗೆ ಚಿನ್ನದ ಲೇಪ, ಯಾಕೆಂದರೆ ಒಂದು ಬೋರ್ಡ್ ಇರುವುದು ಕಾರವಾರದ ಸಮುದ್ರದ ಗಾಳಿಯಲ್ಲಿ. ಗೆಳೆಯನ ಮನೆಯ ಕಿಟಕಿ ಸರಳಿಗೆ ವರ್ಷಕ್ಕೊಮ್ಮೆ ಬಣ್ಣ ಹೊಡೆದರೂ ತುಕ್ಕು ಬಿಡುವುದಿಲ್ಲ.

ಆರ್ಡರ್ ಮಾಡುವ ಮೊದಲು ಬೋರ್ಡನ್ನು ಅಸಲಿ ಅಳತೆಯಲ್ಲೇ ಕಾಗದದ ಮೇಲೆ ಪ್ರಿಂಟ್ ತೆಗೆದೆ. ಚಿಮಟದಲ್ಲಿ ಮಾಡ್ಯೂಲ್ ಎತ್ತಿ ಅದರ ಮೇಲಿಟ್ಟು, ಭೂತಗನ್ನಡಿ ಹಿಡಿದು ಕಾಲು ಕಾಲು ನೋಡಿದೆ. ಆಂಟೆನಾ ಕನೆಕ್ಟರ್ ಅಂಚಿನಿಂದ ಅರ್ಧ ಮಿ.ಮೀ. ಒಳಗೆ ಇದ್ದದ್ದು ಸ್ಕ್ರೀನ್ ಮೇಲೆ ಕಂಡಿರಲಿಲ್ಲ, ಕಾಗದದ ಮೇಲೆ ಕಂಡಿತು. ಗರ್ಬರ್ ಜೊತೆ ತೂತಿನ ಫೈಲ್ ಬೇರೆ ಇರುತ್ತದೆ. ಅದನ್ನೂ ತೆರೆದು, ಒಂದರ ಮೇಲೊಂದು ಇಟ್ಟು ನೋಡಿಯೇ ಕಳಿಸಿದೆ.

ಮೇ 4

ಬೋರ್ಡ್ ಬಂತು. ಗಾಳಿಯಲ್ಲಿ ಈಗಾಗಲೇ ಪಸೆ ಇದೆ. ಈ ಮಾಡ್ಯೂಲುಗಳನ್ನು ಪೊಟ್ಟಣದಿಂದ ತೆಗೆದು ಹಾಗೇ ಇಟ್ಟರೆ ತೇವ ಹೀರುತ್ತವೆ. ಆಮೇಲೆ ಬಿಸಿ ಮಾಡಿದಾಗ ಒಳಗಿನ ತೇವ ಆವಿಯಾಗಿ ಒಡೆಯಬಹುದು. ಅದಕ್ಕೆ ಪೊಟ್ಟಣ ಒಡೆದ ದಿನವೇ ಮೂರನ್ನೂ ಬೆಸೆದು ಮುಗಿಸಿದೆ.

ಸಿಗ್ನಲ್ 44, 46. ಒಂದು ಉಪಗ್ರಹ 48 ತೋರಿಸಿತು. ಆಂಟೆನಾ ಅದೇ, ಕೇಬಲ್ ಅದೇ, ಅಟ್ಟವೂ ಅದೇ.

ಮೇ 12

ಕೇಬಲ್ ಲೆಕ್ಕ. ಆರ್‌ಜಿ-58 ಅನ್ನುವ ಈ ಆಂಟೆನಾ ಕೇಬಲ್ಲಿನ ಒಳಗೆ ಸಿಗ್ನಲ್ ಬೆಳಕಿನ ವೇಗದ ಮೂರರಲ್ಲಿ ಎರಡು ಪಾಲು ವೇಗದಲ್ಲಿ ಹೋಗುತ್ತದೆ. ಮೀಟರಿಗೆ 5 ನ್ಯಾನೋಸೆಕೆಂಡ್ (ಮೈಕ್ರೋಸೆಕೆಂಡಿನ ಸಾವಿರದಲ್ಲೊಂದು ಪಾಲು ಒಂದು ನ್ಯಾನೋಸೆಕೆಂಡ್). ನಮ್ಮ ಅಳತೆಯಲ್ಲಿ ಒಂದು ಗೇಣಿಗೆ ಒಂದು ನ್ಯಾನೋಸೆಕೆಂಡ್ ಅಂತ ಇಟ್ಟುಕೊಳ್ಳಬಹುದು. 20 ಮೀಟರ್ ಕೇಬಲ್ ಹಾಕಿದರೆ ನನ್ನ ಸೆಕೆಂಡು 100 ನ್ಯಾನೋಸೆಕೆಂಡ್ ತಡ. ರಿಸೀವರಿಗೆ ಈ ಸಂಖ್ಯೆ ಹೇಳಿದರೆ ಅದನ್ನು ಲೆಕ್ಕದಿಂದ ಕಳೆಯುತ್ತದೆ. ಆದರೂ ಮೂರು ಊರಿಗೂ ಒಂದೇ ಸುರುಳಿಯಿಂದ ಒಂದೇ ಉದ್ದ ಕತ್ತರಿಸಿದೆ. ತಪ್ಪು ಉಳಿದರೂ ಮೂರರಲ್ಲೂ ಒಂದೇ ಇರುತ್ತದೆ, ಒಂದು ಊರಿನ ಸಮಯದಿಂದ ಇನ್ನೊಂದನ್ನು ಕಳೆದಾಗ ಅದೂ ಹೋಗುತ್ತದೆ.

ಮೇ 17

ಎರಡು ಬೋರ್ಡಿನ ಪಲ್ಸನ್ನು ಆಸಿಲೋಸ್ಕೋಪಿಗೆ ಕೊಟ್ಟೆ. ಒಂದನ್ನು ನಿಲ್ಲಿಸಿಕೊಂಡರೆ ಇನ್ನೊಂದು ಅದರ ಅಕ್ಕಪಕ್ಕ ತೂಗುತ್ತದೆ. ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ. ರಿಸೀವರಿನ ಒಳಗಿನ ಗಡಿಯಾರ 48 ಮೆಗಾಹರ್ಟ್ಜ್‌ನದು, ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ 21 ನ್ಯಾನೋಸೆಕೆಂಡ್. ಪಲ್ಸ್ ಯಾವುದಾದರೂ ಬಡಿತದ ಮೇಲೇ ಬರಬೇಕು, ನಡುವೆ ಬರಲಾರದು. ಒಳ್ಳೆಯ ಸಂಗತಿ ಏನೆಂದರೆ, ಮುಂದಿನ ಪಲ್ಸ್ ಎಷ್ಟು ತಪ್ಪಾಗಿ ಬರುತ್ತದೆ ಅಂತ ರಿಸೀವರ್ ಮೊದಲೇ ತಿಳಿಸುತ್ತದೆ. ಆ ಸಂಖ್ಯೆ ಕಳೆದು ಗ್ರಾಫ್ ಹಾಕಿದಾಗ ಗರಗಸದ ಹಲ್ಲಿನ ಹಾಗಿದ್ದ ಗೆರೆ ನೆಲ ಸಾರಿಸಿದ ಹಾಗೆ ಸಪಾಟಾಯಿತು. ಮೂರು ಗಂಟೆ ಅದನ್ನೇ ನೋಡುತ್ತಾ ಕೂತಿದ್ದೆ. ನಮಗೆ ಬೇಕಾದದ್ದು ಒಂದು ಮೈಕ್ರೋಸೆಕೆಂಡ್, ಸಿಕ್ಕಿದ್ದು ಅದಕ್ಕಿಂತ ಎಷ್ಟೋ ಪಟ್ಟು ಚೆನ್ನಾಗಿದೆ.

ಇನ್ನೊಂದು ಆಸೆಯೂ ಹುಟ್ಟಿದೆ. 2023ರ ಮೇ 29ರಂದು ಇಸ್ರೋ ಹಾರಿಸಿದ ಎನ್‌ವಿಎಸ್-01 ಉಪಗ್ರಹದಲ್ಲಿ ನಮ್ಮ ದೇಶದಲ್ಲೇ ಮಾಡಿದ ರುಬಿಡಿಯಂ ಪರಮಾಣು ಗಡಿಯಾರ ಇದೆ. ಜಿಪಿಎಸ್ ಥರದ ನಮ್ಮದೇ ವ್ಯವಸ್ಥೆಯಾದ ನಾವಿಕ್ ಸಾಲಿನಲ್ಲಿ ಎಲ್1 (ಜಿಪಿಎಸ್‌ನ ಅದೇ 1575.42 ಮೆಗಾಹರ್ಟ್ಜ್) ಸಿಗ್ನಲ್ ಕೊಡುವ ಮೊದಲ ಉಪಗ್ರಹವೂ ಅದೇ. ಎಂ8ಟಿ ನಾವಿಕ್ ಹಿಡಿಯುವುದಿಲ್ಲ. ಮೂರನೇ ಬೋರ್ಡ್ ಮಾಡಿದರೆ ನಾವಿಕ್ ಹಿಡಿಯುವ ರಿಸೀವರ್ ಹಾಕಿಯೇ ಮಾಡುವುದು.

ಮೇ 25

ಅಟ್ಟ ಬಿಚ್ಚಿ ಆಯ್ತು, ಮಳೆಗಾಲ ಬಂತಲ್ಲ. ಆಂಟೆನಾ ಈಗ ಹಂಚಿನ ಮಾಡಿನ ನೆತ್ತಿಯಲ್ಲಿ, ಪಿವಿಸಿ ಪೈಪಿನ ತುದಿಯಲ್ಲಿದೆ. ಜಾಗ ಬದಲಾಯಿತು ಅಂತ ರಿಸೀವರಿಗೆ ಮತ್ತೆ ಒಂದು ದಿನ ಪೂರ್ತಿ ಜಾಗ ಅಳೆಯಲು ಬಿಟ್ಟೆ. ಜಾಗದಲ್ಲಿ 3 ಮೀಟರ್ ತಪ್ಪಾದರೆ ಸಮಯದಲ್ಲಿ 10 ನ್ಯಾನೋಸೆಕೆಂಡ್ ತಪ್ಪು ಬರಬಹುದು. ರಾತ್ರಿ ಎರಡು ಸಲ ಕರೆಂಟು ಹೋಯಿತು. ಬ್ಯಾಟರಿ ಹಿಡಿಯಿತು, ಒಂದು ಪಲ್ಸೂ ತಪ್ಪಲಿಲ್ಲ.

ಕುಮಟಾದ ಬೋರ್ಡ್ ನಿನ್ನೆ ಹೋಯಿತು. ಕಾರವಾರದ್ದಕ್ಕೆ ಉಪ್ಪುಗಾಳಿ ತಾಗದಂತೆ ಎರಡು ಸಲ ವಾರ್ನಿಶ್ ಬಳಿದು ಒಣಗಲು ಇಟ್ಟಿದ್ದೇನೆ. ಕನೆಕ್ಟರಿನ ಒಳಗೆ ವಾರ್ನಿಶ್ ಹೋಗದ ಹಾಗೆ ಅದರ ಬಾಯಿಗೆ ಮೇಣ ತುಂಬಿದೆ. ನಾಳೆ ಬೆಳಿಗ್ಗೆ ಮೇಣ ತೆಗೆದು, ಡಬ್ಬಿಗೆ ಹಾಕಿ, ಕಾರವಾರದ ಬಸ್ಸಿಗೆ ಪಾರ್ಸೆಲ್ ಕೊಡಬೇಕು.