ಕಾದಂಬರಿಯೊಳಗೆ ನಡೆದಾಡಿದ ರಾತ್ರಿ

ಏಳುನೂರಕ್ಕೂ ಹೆಚ್ಚು ಪುಟಗಳ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ರಂಗಕ್ಕೆ ತರುತ್ತಾರೆಂದಾಗ ನನಗೆ ನಂಬಿಕೆ ಇರಲಿಲ್ಲ. 1967ರಲ್ಲಿ ಬಂದ ಕುವೆಂಪು ಅವರ ಈ ಕೃತಿಯಲ್ಲಿ ಮನುಷ್ಯರಷ್ಟೇ ಕಾಡೂ ಇದೆ. ಕಾಡನ್ನು ಪರದೆಯ ಮೇಲೆ ಬರೆದು ತೂಗುಹಾಕಿದರೆ ಅದು ಶಾಲಾ ವಾರ್ಷಿಕೋತ್ಸವವಾಗುತ್ತದೆ. ನಿರ್ದೇಶಕ ಸಿ. ಬಸವಲಿಂಗಯ್ಯ ಪರದೆಯ ಗೊಡವೆಗೇ ಹೋಗಲಿಲ್ಲ. ಕೆ.ವೈ. ನಾರಾಯಣಸ್ವಾಮಿ ಅವರ ರಂಗರೂಪ 2010ರಲ್ಲಿ ಮೈಸೂರಿನ ರಂಗಾಯಣದ ಆವರಣದಲ್ಲಿ ಮೊದಲು ನಡೆಯಿತು. ನಾನು ನೋಡಿದ್ದು ಬೆಂಗಳೂರಿನ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ: ಬಯಲಿನಲ್ಲಿ ನಾಲ್ಕು ರಂಗಗಳು, ಸುಮಾರು ಒಂಬತ್ತು ಗಂಟೆಯ ಆಟ.

ರಾತ್ರಿಯಿಡೀ ಆಟ ನೋಡುವುದು ನಮಗೆ ಹೊಸದಲ್ಲ. ಬಯಲಾಟದಲ್ಲಾದರೆ ಹಾಸಿದ ಚಾಪೆಯ ಮೇಲೇ ತೂಕಡಿಸಿ, ಚೆಂಡೆ ಜೋರಾದಾಗ ಕಣ್ಣು ಬಿಟ್ಟರಾಯಿತು. ಇಲ್ಲಿ ಆ ಸೌಕರ್ಯವಿಲ್ಲ. ಒಂದು ಭಾಗ ಮುಗಿಯುತ್ತಲೇ ಶಾಲು, ನೀರಿನ ಬಾಟಲಿ, ನಿದ್ದೆಹೋದ ಮಕ್ಕಳು ಎಲ್ಲವನ್ನೂ ಹೊತ್ತು ಮುಂದಿನ ರಂಗಕ್ಕೆ ಓಡಬೇಕು. ಮುಂದಿನ ಸಾಲಿನ ಆಸೆಗೆ ಎಂಥ ಸಭ್ಯರೂ ಮೊಣಕೈ ಬಳಸುತ್ತಾರೆ.

ಆದರೆ ಪ್ರಯೋಗದ ಜಾಣತನವಿರುವುದೇ ಈ ನಡಿಗೆಯಲ್ಲಿ. ಕಾದಂಬರಿಯಲ್ಲಿ ಎಲ್ಲರೂ ನಡೆಯುತ್ತಲೇ ಇರುತ್ತಾರೆ. ತಿಮ್ಮಿಗಾಗಿ ಗುತ್ತಿ ತನ್ನ ನಾಯಿ ಹುಲಿಯನೊಂದಿಗೆ ಕಾಡಿನ ದಾರಿ ಹಿಡಿಯುತ್ತಾನೆ. ಬೇಡದ ಮದುವೆಯಿಂದ ತಪ್ಪಿಸಿಕೊಂಡ ಚಿನ್ನಮ್ಮ ಕತ್ತಲೆಯಲ್ಲಿ ಕಾಡು ಸೇರುತ್ತಾಳೆ. ಮನೆಯಲ್ಲಿ ಕುಳಿತು ಓದುವಾಗ ಅದೆಲ್ಲ ವರ್ಣನೆ. ನಡುರಾತ್ರಿ ಮುಂದಿನವರ ಬೆನ್ನನ್ನೇ ಗುರುತು ಮಾಡಿಕೊಂಡು ಎಡವುತ್ತ ಹೋದಾಗ ಆ ದಾರಿಯ ಉದ್ದ ಕಾಲಿಗೆ ತಿಳಿಯುತ್ತದೆ. ಗುತ್ತಿಗೆ ನಾಯಿಯೊಂದು ಜೊತೆಗೆ ಏಕೆ ಬೇಕಿತ್ತು ಎಂಬುದೂ!

ಪಕ್ಕದಲ್ಲಿದ್ದ ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರಿಗೆ ಯಾವುದೂ ಒಪ್ಪಿಗೆಯಿರಲಿಲ್ಲ. ನಟರ ಮಾತಿನಲ್ಲಿ ಬಯಲುಸೀಮೆಯ ವಾಸನೆಯಂತೆ, ಕತೆಯಲ್ಲಿ ಬರುವ ಮೇಗರವಳ್ಳಿ ಅಷ್ಟು ಹತ್ತಿರವಲ್ಲವಂತೆ, ಇಷ್ಟು ಒಣಗಿದ ನೆಲದಲ್ಲಿ ಮಲೆನಾಡಿನ ಇಂಬಳ, ಅಂದರೆ ರಕ್ತ ಹೀರುವ ಜಿಗಣೆ, ಎಲ್ಲಿಂದ ಬರಬೇಕಂತೆ. ಕೊನೆಯ ತಕರಾರು ನ್ಯಾಯವಾದದ್ದು. ಹಂಸಲೇಖ ಅವರ ಸಂಗೀತ ಬಂದಾಗ ಮಾತ್ರ ಆ ಹಿರಿಯರ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ನಸುಕಿನ ಮೂರು ಗಂಟೆಯ ನಿದ್ದೆಗೆ ಆ ಹಾಡುಗಳೇ ಮದ್ದು; ಆದರೂ ಕೆಲವೆಡೆ ಹಾಡು ಮುಗಿದು ಪಾತ್ರಗಳು ಮಾತಾಡಿದರೆ ಸಾಕಪ್ಪಾ ಎನಿಸಿದ್ದುಂಟು.

ಬೆಳಿಗ್ಗೆ ಚಹಾ ಕುಡಿಯುವಾಗ ಹಿರಿಯರು ತಮ್ಮ ಸಲಹೆಯನ್ನು ಮಂಡಿಸಿದರು: ಇದನ್ನು ಮಳೆಗಾಲದಲ್ಲಿ, ಸುರಿಯುವ ಮಳೆಯಲ್ಲೇ ಆಡಿಸಬೇಕು.

“ನೋಡುವವರ ಗತಿ?” ಎಂದೆ.

“ಮಲೆನಾಡು ನೋಡಲು ಬಂದವರಲ್ಲವೇ, ನೆನೆಯಲಿ ಬಿಡಿ” ಎಂದು ಅವರು ಎರಡನೆಯ ಲೋಟಕ್ಕೆ ಕೈಚಾಚಿದರು.